ಪ್ರಾರ್ಥನೆಗೆ ಕೂತರೆ ಬಾಯಿ ಕಟ್ಟುತ್ತದೆ, ಏನು ಮಾಡಲಿ?

ಪ್ರಶ್ನೆ: ನನಗೆ 43 ವರ್ಷ. ಗದಗ ಜಿಲ್ಲೆಯಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ಮೂರು ತಲೆಮಾರಿನಿಂದ ನಮ್ಮದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕ್ರೈಸ್ತ ಸಭೆಯ ಕುಟುಂಬ. ಕಳೆದ ಸೆಪ್ಟೆಂಬರಿನಲ್ಲಿ ನನ್ನ ಗಂಡ ಪ್ಯಾಂಕ್ರಿಯಾಸ್ ಕ್ಯಾನ್ಸರಿನಿಂದ ತೀರಿಕೊಂಡರು. ಸಭೆಯವರೆಲ್ಲ ಉಪವಾಸ ಪ್ರಾರ್ಥನೆ ಮಾಡಿದ್ದರು. ನಾನು ದಿನಾ ರಾತ್ರಿ ಅವರ ಹಾಸಿಗೆ ಪಕ್ಕ ಕೂತು, ದೇವರು ಕಾಯುತ್ತಾನೆ ಎನ್ನುವ ಬೈಬಲಿನ 91ನೇ ಕೀರ್ತನೆ ಓದುತ್ತಿದ್ದೆ. ಗುರುತಿಗೆಂದು ಇಟ್ಟ ಮೆಡಿಕಲ್ ಶಾಪಿನ ಬಿಲ್ಲು ಇವತ್ತಿಗೂ ಅವರ ಬೈಬಲಿನ ಆ ಪುಟದಲ್ಲೇ ಇದೆ. ಈಗ ಆ ಪುಟ ತೆರೆಯಲು ಆಗುತ್ತಿಲ್ಲ. ಸಂಜೆ ಏಳೂವರೆಗೆ ಅತ್ತೆ ಚಾಪೆ ಹಾಸಿ ಪ್ರಾರ್ಥನೆಗೆ ಕರೆಯುತ್ತಾರೆ. ಕಣ್ಣು ಮುಚ್ಚಿದರೆ ಬಾಯಿ ಕಟ್ಟಿಬಿಡುತ್ತದೆ. ಹಳೇ ಅಭ್ಯಾಸದಿಂದ ನಾಲ್ಕು ಮಾತು ಹೇಳಿ ಆಮೆನ್ ಅನ್ನುತ್ತೇನೆ. ಬೇರೊಂದು ಪ್ರಾರ್ಥನಾ ಕೂಟಕ್ಕೆ ಹೋಗುವ ನನ್ನ ನೆಗೆಣ್ಣಿ, "ನಿನಗೆ ಪೂರ್ತಿ ನಂಬಿಕೆ ಇದ್ದಿದ್ರೆ ಕಿಮೋಗೆ ಕರ್ಕೊಂಡು ಹೋಗ್ತಿರಲಿಲ್ಲ" ಅಂದರು. ಪಿಯುಸಿ ಓದುವ ಮಗ, "ಇಷ್ಟ್ ಮಂದಿ ಪ್ರಾರ್ಥನಾ ಮಾಡಿದ್ರು, ದೇವರಿಗೆ ಕೇಳಿಸ್ಲಿಲ್ಲೇನ್ ಮಮ್ಮಿ?" ಎಂದು ಕೇಳಿದಾಗ ಬೈದುಬಿಟ್ಟೆ. ಭಾನುವಾರ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ "ಬೇಡಿಕೊಳ್ಳಿರಿ, ನಿಮಗೆ ದೊರಕುವುದು" ಎಂದು ಕಲಿಸಬೇಕು. ನಾನು ಕಪಟಿ ಅನ್ನಿಸುತ್ತಿದೆ. ಸೆಪ್ಟೆಂಬರಿನಲ್ಲಿ ವರ್ಷದ ಜ್ಞಾಪಕ ಕೂಟ. ಎದ್ದು ನಿಂತು, ದೇವರು ನನಗೆ ಮಾಡಿದ್ದರ ಬಗ್ಗೆ ಸಾಕ್ಷಿ ಹೇಳಬೇಕು ಎನ್ನುತ್ತಿದ್ದಾರೆ. ಏನೆಂದು ಹೇಳಲಿ? ಅವರಿಲ್ಲದ ಮೇಲೆ ಈ ಬದುಕಿಗೆ ಅರ್ಥವಾದರೂ ಏನು?

ಉತ್ತರ:

ಪ್ರೀತಿಯ ಸಹೋದರಿ,

ಮೊದಲು ನಿಮ್ಮ ನೆಗೆಣ್ಣಿಯ ಮಾತನ್ನು ತೆಗೆದುಕೊಳ್ಳುತ್ತೇನೆ. ಮಿಕ್ಕಿದ್ದೆಲ್ಲ ಆಮೇಲೆ. ಆ ಮಾತು ಮನಸ್ಸಿನಲ್ಲಿ ಕೂತಿರುವವರೆಗೆ ನಾನು ಬೇರೆ ಏನು ಹೇಳಿದರೂ ನಿಮಗೆ ಇಳಿಯುವುದಿಲ್ಲ.

ಗಂಡನನ್ನು ಕಿಮೋಗೆ ಕರೆದುಕೊಂಡು ಹೋದದ್ದು ಅಪನಂಬಿಕೆ ಅಲ್ಲ. ಬೈಬಲಿನಲ್ಲಿ ಹಿಜ್ಕೀಯ ರಾಜ ಸಾಯುವ ಹಾಗಿದ್ದಾಗ, ದೇವರು ಅವನನ್ನು ವಾಸಿ ಮಾಡುತ್ತಾನೆ ಎಂಬ ಮಾತನ್ನು ತಂದವನೇ ಪ್ರವಾದಿ ಯೆಶಾಯ. ಆದರೂ ಹುಣ್ಣಿಗೆ ಅಂಜೂರದ ಹಣ್ಣಿನ ಉಂಡೆ ಕಟ್ಟಿ ಎಂದು ಅವನೇ ಹೇಳಿದ. ಸುವಾರ್ತೆ ಬರೆದ ಲೂಕ ವೈದ್ಯ. ಅಪೊಸ್ತಲ ಪೌಲನ ಶಿಷ್ಯ ತಿಮೊಥೆಯನಿಗೆ ಹೊಟ್ಟೆಯ ತೊಂದರೆ ಇತ್ತು, ಪೌಲ ಅವನಿಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದ. ಇನ್ನೊಂದು ಪತ್ರದಲ್ಲಿ, ಜೊತೆಗಾರ ತ್ರೊಫಿಮನನ್ನು ಮಿಲೇತ ಎಂಬ ಊರಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದೆ ಎನ್ನುತ್ತಾನೆ. ಪೌಲನ ನಂಬಿಕೆ ಸಾಲದೆ ಹೋಯಿತು ಎಂದು ಯಾವ ಸಭೆಯೂ ಕಲಿಸುವುದಿಲ್ಲ. ವೆಲ್ಲೂರಿನಲ್ಲಿ 1900ರಲ್ಲಿ ಒಂದೇ ಹಾಸಿಗೆಯ ದವಾಖಾನೆ ಶುರು ಮಾಡಿದ ಐಡಾ ಸ್ಕಡರ್ ಅವರೂ ಪ್ರಾರ್ಥನೆ ಮಾಡುವ ಹೆಂಗಸೇ. ಆ ದವಾಖಾನೆಯೇ ಇವತ್ತಿನ ಸಿ.ಎಂ.ಸಿ. (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ಆಸ್ಪತ್ರೆ. ಔಷಧವೂ ಪ್ರಾರ್ಥನೆಯೂ ಒಂದೇ ಮನೆಯಲ್ಲಿ ಇರುವುದು ನಮ್ಮ ಸಭೆಗಳಿಗೆ ಹೊಸದಲ್ಲ.

ಹುಟ್ಟುಕುರುಡನನ್ನು ನೋಡಿ ಶಿಷ್ಯರು, ಯಾರು ಪಾಪ ಮಾಡಿದ್ದಕ್ಕೆ ಹೀಗಾಯಿತು, ಇವನೋ, ಇವನ ಅಪ್ಪ ಅಮ್ಮನೋ ಎಂದು ಕೇಳಿದರು. ಯೇಸು, ಇವನೂ ಅಲ್ಲ, ಅವರೂ ಅಲ್ಲ ಎಂದ. ನೋವಿನಲ್ಲಿ ಇರುವವರ ಮುಂದೆ ನಿಂತು ತಪ್ಪು ಯಾರದು ಎಂದು ಹುಡುಕುವ ಅಭ್ಯಾಸವನ್ನು ಅವನು ಆವತ್ತೇ ತಡೆದ. ನಿಮ್ಮ ನೆಗೆಣ್ಣಿ ಹೆದರಿಕೆಯಿಂದ ಹಾಗೆ ಅಂದಿರಬಹುದು. ಕಾಯಿಲೆಗೆ ಒಂದು ಕಾರಣ ಸಿಕ್ಕಿಬಿಟ್ಟರೆ, ಅದು ನಮ್ಮ ಮನೆಗೆ ಬರುವುದಿಲ್ಲ ಎಂಬ ಧೈರ್ಯ ಸಿಗುತ್ತದೆ ಅಲ್ವಾ? ಅವರ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡಿ. ಆದರೆ ಅವರ ಮಾತನ್ನು ದೇವರ ಮಾತು ಎಂದು ಖಂಡಿತ ತೆಗೆದುಕೊಳ್ಳಬೇಡಿ.

ಈಗ 91ನೇ ಕೀರ್ತನೆ. ನಮ್ಮ ಮನೆಗಳಲ್ಲಿ ಕಾಯಿಲೆ ಬಿದ್ದವರ ತಲೆದಿಂಬಿನ ಪಕ್ಕ ಅದನ್ನು ಓದುವುದು ಹಿಂದಿನಿಂದ ಬಂದ ರೂಢಿ. ನೀವು ಓದಿದ್ದು ಸರಿಯೇ. ರಾತ್ರಿ ಹೊತ್ತು ನೋವಿನಲ್ಲಿ ಎಚ್ಚರ ಇದ್ದ ನಿಮ್ಮ ಗಂಡನಿಗೆ ಪರಿಚಯದ ದನಿಯಲ್ಲಿ ಪರಿಚಯದ ಮಾತು ಕೇಳಿಸಿತು. ಅದು ಸಣ್ಣ ವಿಷಯ ಅಲ್ಲ. ಆದರೆ ಅದೇ ಕೀರ್ತನೆಯ ಸಾಲುಗಳು ಮತ್ತಾಯನ ಸುವಾರ್ತೆಯಲ್ಲಿ ಯಾರ ಬಾಯಲ್ಲಿ ಬರುತ್ತವೆ ನೆನಪಿದೆಯಾ? ಸೈತಾನನ ಬಾಯಲ್ಲಿ. ದೇವಾಲಯದ ತುದಿಯಲ್ಲಿ ಯೇಸುವನ್ನು ನಿಲ್ಲಿಸಿ, ಕೆಳಗೆ ಧುಮುಕು, ದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ ಎಂದು ಬರೆದಿದೆಯಲ್ಲ ಎನ್ನುತ್ತಾನೆ. ಯೇಸು ಒಪ್ಪಲಿಲ್ಲ. ಕೀರ್ತನೆ ಸುಳ್ಳು ಎಂದು ಅವನು ಹೇಳಲಿಲ್ಲ. ಅದನ್ನು ದೇವರ ಹತ್ತಿರ ಬರೆಸಿಕೊಂಡ ಗ್ಯಾರಂಟಿಯ ಹಾಗೆ ಬಳಸುವುದಿಲ್ಲ ಎಂದ. ಕೆಲವು ವರ್ಷ ಆದ ಮೇಲೆ ಅವನು ಶಿಲುಬೆಯ ಮೇಲೆ ಸತ್ತ. ಎತ್ತಿಕೊಳ್ಳಲು ದೂತರು ಬರಲಿಲ್ಲ. ಸಾಯುವಾಗ ಅವನ ಬಾಯಿಗೆ ಬಂದದ್ದು 91 ಅಲ್ಲ, 22ನೇ ಕೀರ್ತನೆ: "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?"

ನಿಮಗೆ ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲೇ ಇದೆ. ನೀವು ಪ್ರಾರ್ಥನೆ ನಿಲ್ಲಿಸಿಲ್ಲ. ಚಾಪೆ ಮೇಲೆ ಕೂತು ಒಳಗೊಳಗೇ "ಯಾಕೆ" ಎಂದು ಕೇಳುತ್ತಿದ್ದೀರಲ್ಲ, ಅದೇ ನಿಮ್ಮ ಪ್ರಾರ್ಥನೆ. ಮೇಲಿನ ನಾಲ್ಕು ಮಾತು ಅಭ್ಯಾಸದ್ದಿರಬಹುದು. ಆ ಪ್ರಶ್ನೆ ಮಾತ್ರ ನಿಮ್ಮದೇ. ಅದನ್ನು ದೇವರ ಮುಂದೆ ಇಡಲು ನಾಚಿಕೆ ಪಡಬೇಡಿ.

ಇದನ್ನು ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. 150 ಕೀರ್ತನೆಗಳಲ್ಲಿ ಗೋಳು, ದೂರು, ಜಗಳದವು ಎಷ್ಟೊಂದು ಇವೆ ನೋಡಿ. 13ನೆಯದು ಇನ್ನೆಷ್ಟು ದಿನ ನನ್ನನ್ನು ಮರೆತಿರುತ್ತೀ ಎಂದೇ ಶುರುವಾಗುತ್ತದೆ. ಸಾಮಾನ್ಯವಾಗಿ ಇಂಥ ಕೀರ್ತನೆಗಳು ಕೊನೆಯ ಹೊತ್ತಿಗೆ ಒಂದು ಭರವಸೆಗೆ ತಿರುಗುತ್ತವೆ. 88ನೆಯದು ತಿರುಗುವುದೇ ಇಲ್ಲ. ಹಗಲೂ ರಾತ್ರಿ ಕೂಗಿದೆ, ಯಾಕೆ ಮುಖ ಮರೆಮಾಡಿಕೊಂಡೆ, ಪ್ರಿಯರನ್ನೂ ಸ್ನೇಹಿತರನ್ನೂ ದೂರ ಮಾಡಿದೆಯಲ್ಲ ಎನ್ನುತ್ತಾ ಹೋಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಗೊಂದು ಸ್ತೋತ್ರದ ಸಾಲೂ ಇಲ್ಲ. ಆದರೂ ಅದರ ತಲೆಯ ಮೇಲೆ, ಇದು ಗಾಯಕರ ಮುಖ್ಯಸ್ಥನಿಗೆ ಕೊಡಬೇಕಾದದ್ದು ಎಂದು ಬರೆದಿದೆ. ಅಂದರೆ ಎಲ್ಲರೂ ಸೇರಿ ಹಾಡಲು ಇಟ್ಟ ಪ್ರಾರ್ಥನೆ ಅದು. ಅದನ್ನು ಪುಸ್ತಕದಿಂದ ಯಾರೂ ಕಿತ್ತುಹಾಕಲಿಲ್ಲ. ಕೊನೆಗೆ ಒಂದು ಒಳ್ಳೆ ಮಾತು ಸೇರಿಸಲೂ ಇಲ್ಲ. ಇವತ್ತು ರಾತ್ರಿ ಮಗ, ಅತ್ತೆ ಮಲಗಿದ ಮೇಲೆ ಅದನ್ನು ಒಮ್ಮೆ ಗಟ್ಟಿಯಾಗಿ ಓದಿ. ನಿಮ್ಮ ಬಾಯಿ ಕಟ್ಟಿದರೆ ಆ ಕೀರ್ತನೆಯ ಬಾಯಿ ಮಾತಾಡಲಿ.

ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರ ಕಥೆಯೂ ನಿಮಗೆ ಗೊತ್ತು. ಏಳು ದಿನ ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಸುಮ್ಮನೆ ಕೂತಿದ್ದಾಗ ಅವರು ಒಳ್ಳೆ ಸ್ನೇಹಿತರಾಗಿದ್ದರು. ಬಾಯಿ ತೆರೆದು ಕಾರಣ ಹೇಳಲು ಶುರು ಮಾಡಿದ ಮೇಲೆ ಕೆಟ್ಟಿತು. ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಅವರ ಮೇಲೆ. ಅಷ್ಟೆಲ್ಲ ಜಗಳ ಆಡಿದ ಯೋಬನೇ ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದ ಎನ್ನುತ್ತಾನೆ. ಆದರೆ ಮಕ್ಕಳು ಯಾಕೆ ಸತ್ತರು ಎಂಬ ಕಾರಣವನ್ನು ಮಾತ್ರ ಯೋಬನಿಗೂ ಹೇಳುವುದಿಲ್ಲ. ಹಾಗಾಗಿ "ಇದರಲ್ಲಿ ದೇವರ ಯೋಜನೆ ಇದೆ" ಎಂದು ಯಾರಾದರೂ ಬಂದು ನಿಮಗೆ ಅರ್ಥ ವಿವರಿಸಿದರೆ ತಲೆ ಆಡಿಸಿ ಕಳಿಸಿಬಿಡಿ. ಈ ಸಾವಿಗೆ ಅರ್ಥ ಹುಡುಕುವ ಕೆಲಸ ನಿಮ್ಮದಲ್ಲ. ಬದುಕಿಗೆ ಅರ್ಥ ಏನು ಎಂದು ಕೇಳಿದ್ದೀರಿ. ಅದಕ್ಕೂ ಈ ವರ್ಷವೇ ಉತ್ತರ ಬೇಕಿಲ್ಲ. ಶಾಲೆಯಲ್ಲಿ ಮಕ್ಕಳು ನಿಮ್ಮ ದಾರಿ ಕಾಯುತ್ತಾರೆ, ಮನೆಯಲ್ಲಿ ಮಗ ಊಟಕ್ಕೆ ಕಾಯುತ್ತಾನೆ. ಸದ್ಯಕ್ಕೆ ಅಷ್ಟು ಸಾಕು.

ಮದರ್ ತೆರೇಸಾ ಅವರ ವಿಷಯ ಹೇಳಲಾ? ನಿಮ್ಮ ಸಭೆ ಬೇರೆ, ಅವರದು ಬೇರೆ, ಇರಲಿ. ಅವರು 1997ರಲ್ಲಿ ತೀರಿಕೊಂಡರು. ಹತ್ತು ವರ್ಷದ ನಂತರ ಅವರ ಖಾಸಗಿ ಪತ್ರಗಳು ಹೊರಗೆ ಬಂದವು. ಕೋಲ್ಕತ್ತದ ಬೀದಿಗಳಲ್ಲಿ ಕೆಲಸ ಮಾಡಿದ ಅಷ್ಟೂ ದಶಕ, ಪ್ರಾರ್ಥನೆಯಲ್ಲಿ ದೇವರು ಹತ್ತಿರ ಇದ್ದಾನೆ ಎಂದು ಅವರಿಗೆ ಹೆಚ್ಚುಕಡಿಮೆ ಅನ್ನಿಸುತ್ತಲೇ ಇರಲಿಲ್ಲ. ಒಳಗೆ ಬರೀ ಕತ್ತಲೆ ಎಂದು ಬರೆದುಕೊಂಡಿದ್ದರು. ಆದರೂ ಬೆಳಿಗ್ಗೆ ಎದ್ದು ಪ್ರಾರ್ಥನೆಗೆ ಕೂರುತ್ತಿದ್ದರು. 2016ರಲ್ಲಿ ಅವರ ಸಭೆ ಅವರನ್ನು ಸಂತಳೆಂದು ಘೋಷಿಸುವಾಗ ಆ ಪತ್ರಗಳು ಎಲ್ಲರಿಗೂ ಗೊತ್ತಿದ್ದವು. ಅವರನ್ನು ಕಪಟಿ ಅನ್ನಲು ನಿಮಗೆ ಮನಸ್ಸು ಬರುತ್ತದಾ? ಹಾಗಾದರೆ ನಿಮ್ಮನ್ನೂ ಅನ್ನಬೇಡಿ.

ಅತ್ತೆಯ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನನಗೆ ಅವರೇ ಜಾಸ್ತಿ ಕಣ್ಣಿಗೆ ಬಂದರು. ಅವರು ಕಳೆದುಕೊಂಡದ್ದು ಮಗನನ್ನು. ಏಳೂವರೆಗೆ ಚಾಪೆ ಹಾಸದಿದ್ದರೆ ಆ ಸಂಜೆಯನ್ನು ಹೇಗೆ ದಾಟುವುದು ಎಂದು ಬಹುಶಃ ಅವರಿಗೂ ತಿಳಿಯದು. ಅವರ ಪಕ್ಕ ಹೋಗಿ ಕೂರಿ. "ಅತ್ತೆ, ನನಗೆ ಈಗ ಪ್ರಾರ್ಥನೆ ಬರ್ತಾ ಇಲ್ಲ, ಸ್ವಲ್ಪ ದಿನ ನೀವೇ ಮಾಡಿ, ನಾನು ಕೂತಿರ್ತೀನಿ" ಎಂದು ಹೇಳಿ. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು, ಮನೆಯ ಮಾಳಿಗೆ ಬಿಚ್ಚಿ ಕೆಳಗಿಳಿಸಿದಾಗ ಯೇಸು ನೋಡಿದ್ದು ಅವರ ನಂಬಿಕೆಯನ್ನು ಎಂದು ಮಾರ್ಕ ಬರೆಯುತ್ತಾನೆ. ಮಲಗಿದ್ದವನ ನಂಬಿಕೆ ಎಷ್ಟಿತ್ತೆಂದು ಯಾರೂ ಅಳೆಯಲಿಲ್ಲ. ಈಗ ಕೆಲವು ಕಾಲ ನೀವು ಮಲಗಿದವರು. ಹೊರುವ ಕೆಲಸ ಅತ್ತೆ ಮಾಡಲಿ, ಸಭೆ ಮಾಡಲಿ.

ಮಗನ ವಿಷಯ ತಡ ಮಾಡಬೇಡಿ. ಬೈದದ್ದು ಅವನಿಗೆ ನೋವಾಗಿರುತ್ತದೆ. ಆ ಪ್ರಶ್ನೆ ಕೇಳಬಾರದ್ದು ಎಂದು ಅವನು ಅಂದುಕೊಂಡರೆ ಇನ್ನು ಮುಂದೆ ನಿಮ್ಮ ಹತ್ತಿರ ತರುವುದೇ ಇಲ್ಲ. ಹತ್ತಿರ ಕೂರಿಸಿಕೊಂಡು, "ನಾನೂ ಅದನ್ನೇ ಕೇಳ್ತಾ ಇದ್ದೀನಪ್ಪ, ನನಗೂ ಉತ್ತರ ಗೊತ್ತಿಲ್ಲ" ಎಂದು ನಿಜ ಹೇಳಿ. ಅವನು ಇನ್ನೂ ಕೇಳಿದರೆ ಶಿಲುಬೆಗೆ ಹೋಗುವ ಹಿಂದಿನ ರಾತ್ರಿಯ ಗೆತ್ಸೇಮನೆ ತೋಟದ ಭಾಗವನ್ನು ಇಬ್ಬರೂ ಸೇರಿ ಓದಿ. ಈ ಸಂಕಟದ ಪಾತ್ರೆ ನನ್ನನ್ನು ಬಿಟ್ಟುಹೋಗಲಿ ಎಂದು ಯೇಸುವೇ ಬೇಡಿಕೊಂಡ. ಮೂರು ಸಲ ಬೇಡಿಕೊಂಡ. ಪಾತ್ರೆ ಬಿಟ್ಟುಹೋಗಲಿಲ್ಲ. ತಂದೆಗೆ ಕೇಳಿಸಲಿಲ್ಲ ಎಂದೋ ಮಗನ ನಂಬಿಕೆ ಸಾಲಲಿಲ್ಲ ಎಂದೋ ಅಲ್ಲಿ ಯಾರಾದರೂ ಹೇಳಲಾದೀತೇ? ಅಷ್ಟರಿಂದ ಹುಡುಗನಿಗೆ ಉತ್ತರ ಸಿಕ್ಕಿಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ತನ್ನ ಪ್ರಶ್ನೆಗೆ ಬೈಬಲಿನಲ್ಲೇ ಜಾಗ ಇದೆ ಎಂದು ಅವನಿಗೆ ಗೊತ್ತಾಗುತ್ತದೆ.

ಸಂಡೇ ಸ್ಕೂಲಿಗೆ ಸದ್ಯ ರಜೆ ಕೇಳಿ. ನೀವು ಯೋಗ್ಯರಲ್ಲ ಎಂದಲ್ಲ. ಪ್ರತಿ ವಾರ ಆ ಪಾಠ ಹೇಳಿ ಗಾಯ ಕೆದಕಿಕೊಳ್ಳುವುದು ಬೇಡ ಎಂದು. ಪೂರ್ತಿ ಬಿಡಲು ಮನಸ್ಸಿಲ್ಲದಿದ್ದರೆ ಹಾಜರಿ ತೆಗೆದುಕೊಳ್ಳಿ, ಸಣ್ಣ ಮಕ್ಕಳಿಗೆ ಬಿಸ್ಕತ್ತು ಹಂಚಿ, ಪಾಠ ಬೇರೆಯವರು ಮಾಡಲಿ.

ಇನ್ನೊಂದು ವಿಷಯ. ನಿದ್ದೆ, ಊಟ ಹೇಗಿದೆ ಎಂದು ನೀವು ಬರೆದಿಲ್ಲ. ರಾತ್ರಿ ನಿದ್ದೆ ಇಲ್ಲ, ಶಾಲೆಗೆ ಹೋಗಲು ಕೈಕಾಲು ಏಳುವುದಿಲ್ಲ, ಸತ್ತರೆ ಸಾಕು ಅನ್ನಿಸುತ್ತದೆ ಎನ್ನುವ ಹಾಗಿದ್ದರೆ ಡಾಕ್ಟರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಇದನ್ನೂ ಅಪನಂಬಿಕೆ ಅನ್ನುವವರು ಸಿಗಬಹುದು. ಅವರಿಗೆ ಹಿಜ್ಕೀಯನ ಅಂಜೂರವೇ ಉತ್ತರ.

ಕೊನೆಗೆ ಜ್ಞಾಪಕ ಕೂಟ. ಸಾಕ್ಷಿ ಹೇಳಲೇಬೇಕು ಎಂಬ ನಿಯಮ ಎಲ್ಲೂ ಇಲ್ಲ. ಲಾಜರ ಸತ್ತಾಗ ಮಾರ್ಥಳೂ ಮರಿಯಳೂ ಯೇಸುವಿಗೆ ಹೇಳಿದ್ದು ಒಂದೇ ಮಾತು: ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ಅದು ಸ್ತೋತ್ರವಲ್ಲ, ದೂರು. ಯೇಸು ಅವರನ್ನು ಗದರಿಸಲಿಲ್ಲ. ಕಣ್ಣೀರು ಬಿಟ್ಟ. ನಿಮ್ಮ ಸಭೆಯ ಪಾಸ್ಟರ್ ಅಯ್ಯನವರನ್ನು ಈಗಲೇ, ಜುಲೈ ಆಗಸ್ಟಿನ ಒಳಗೇ ಹೋಗಿ ಕಾಣಿ. "ನಾನು ಎದ್ದು ಮಾತಾಡುವುದಿಲ್ಲ, ಲಾಜರನ ಕಥೆ ಇರುವ ಯೋಹಾನ 11ನೇ ಅಧ್ಯಾಯವನ್ನು ನೀವು ಓದಿಬಿಡಿ" ಎಂದು ಹೇಳಿ. ಮಹಿಳಾ ಸಂಘದವರಿಗೆ ಅವರೇ ತಿಳಿಸಲಿ, ನೀವು ಒಬ್ಬೊಬ್ಬರಿಗೂ ವಿವರಿಸುತ್ತಾ ಕೂರಬೇಡಿ. ಗಂಡನ ಬಗ್ಗೆ ಏನಾದರೂ ಹೇಳಬೇಕು ಅನ್ನಿಸಿದರೆ ಅವರು ಯಾವ ಹಾಡು ಹಾಡುತ್ತಿದ್ದರು, ಯಾವ ಅಡಿಗೆ ಇಷ್ಟಪಡುತ್ತಿದ್ದರು, ಮಗನಿಗೆ ಸೈಕಲ್ ಹೇಗೆ ಕಲಿಸಿದರು ಎಂದು ಎರಡು ಮಾತು ಹೇಳಿ ಕೂತುಬಿಡಿ. ಊಟದ ಉಸ್ತುವಾರಿಯನ್ನು ನಿಮ್ಮ ನೆಗೆಣ್ಣಿಗೆ ಕೊಡಿ. ಮೈದುನನನ್ನೋ ಭಾವನನ್ನೋ ಕಳೆದುಕೊಂಡ ದುಃಖ ಅವರಿಗೂ ಇದೆ. ಕೈಗೆ ಒಂದು ಕೆಲಸ ಸಿಕ್ಕರೆ ಅವರ ಮಾತು ಕಡಿಮೆಯಾಗಬಹುದು, ನಿಮ್ಮಿಬ್ಬರ ನಡುವೆ ಮತ್ತೆ ಹೋಗಿಬರುವುದೂ ಶುರುವಾಗಬಹುದು.