320ಡಿ, 330ಐ ಎರಡಕ್ಕೂ ಟಾರ್ಕ್ 400 ಇದ್ದ ಮೇಲೆ ಬೆಂಗಳೂರಿನ ರಸ್ತೆಯಲ್ಲಿ ಪಿಕಪ್ ಯಾವುದಕ್ಕೆ ಜಾಸ್ತಿ?

ನಿಮ್ಮ ಪ್ರಶ್ನೆ ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು 3 ಸೀರೀಸ್ ನೋಡುತ್ತಿದ್ದೀರಿ, 2019ರಲ್ಲಿ ಬಂದ ಮಾಡೆಲ್. ಡೀಸೆಲ್ 320ಡಿ, ಪೆಟ್ರೋಲ್ 330ಐ ಎರಡಕ್ಕೂ ಟಾರ್ಕ್ 400 ನ್ಯೂಟನ್ ಮೀಟರ್. ಗೇರ್‌ಬಾಕ್ಸ್ ಎರಡಕ್ಕೂ 8 ಸ್ಪೀಡ್ ಆಟೊಮ್ಯಾಟಿಕ್. ಆದರೂ ಕಂಪನಿ ಹೇಳುವ 0-100 ಸಮಯ, ಅಂದರೆ ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟುವ ಸಮಯ, 320ಡಿಗೆ 6.8 ಸೆಕೆಂಡ್, 330ಐಗೆ 5.8. ಇದು ಯಾಕೆ? ಪುಸ್ತಕದ ಲೆಕ್ಕ ಬಿಟ್ಟು ನಿಜವಾದ ರಸ್ತೆಯಲ್ಲಿ ಯಾವುದು ಮುಂದೆ? "ಡೀಸೆಲ್ ಎಳೆತಾನೇ ಬೇರೆ" ಅಂತಾರಲ್ಲ, ಅದು ನಿಜಾನಾ?

ಮೊದಲು ಉತ್ತರ ಹೇಳಿಬಿಡುತ್ತೇನೆ. ಎಕ್ಸಲರೇಟರ್ ಪೂರ್ತಿ ಒತ್ತಿದರೆ 330ಐ ಮುಂದೆ. ನಿಂತಲ್ಲಿಂದ ಹೊರಟರೂ ಅಷ್ಟೇ, 60ರಲ್ಲಿ ಹೋಗುತ್ತಾ ಒತ್ತಿದರೂ ಅಷ್ಟೇ. ಡೀಸೆಲ್ ಎಳೆತದ ಮಾತು ಸುಳ್ಳಲ್ಲ, ಆದರೆ ಅದು ಪೆಟ್ರೋಲ್ ಕಾರುಗಳಿಗೆ ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ನೂಕುವ ಪಂಪು) ಇಲ್ಲದ ಕಾಲದ ಮಾತು. ನನ್ನ ಹತ್ತಿರ 330ಐ ಇದೆ, ನಮ್ಮ ಭಾವನ ಹತ್ತಿರ 320ಡಿ. ಎರಡನ್ನೂ ಬೇಕಾದಷ್ಟು ಓಡಿಸಿದ್ದೇನೆ, ಹಾಗಾಗಿ ಸ್ವಲ್ಪ ವಿವರವಾಗೇ ಬರೆಯುತ್ತೇನೆ.

ಟಾರ್ಕ್ ಅಂದರೆ ಎಂಜಿನ್ ತಿರುಗಿಸುವ ಬಲ, ಅಷ್ಟೇ. ಯಶವಂತಪುರದ ಎಪಿಎಂಸಿ ಯಾರ್ಡ್‌ನಲ್ಲಿ ಇಬ್ಬರು ಹಮಾಲರು ಒಂದೇ ತೂಕದ ಮೂಟೆ ಹೊರುತ್ತಿದ್ದಾರೆ ಅಂದುಕೊಳ್ಳಿ. ಒಬ್ಬರು ಎರಡು ಮೂಟೆ ಲಾರಿಗೆ ಹಾಕುವಷ್ಟರಲ್ಲಿ ಇನ್ನೊಬ್ಬರು ಮೂರು ಹಾಕುತ್ತಾರೆ. ಮೂಟೆಯ ತೂಕ ಟಾರ್ಕ್. ಎಷ್ಟು ಬೇಗ ಲಾರಿ ತುಂಬುತ್ತೆ ಅನ್ನೋದು ಪವರ್. ಕಾರಿನ ವೇಗ ಏರುವುದು ಈ ಎರಡನೆಯದರಿಂದ.

ಲೆಕ್ಕ ಕಷ್ಟವಿಲ್ಲ. ಟಾರ್ಕನ್ನು ಆರ್‌ಪಿಎಂನಿಂದ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೋ ಅದು) ಗುಣಿಸಿ, ಸುಮಾರು 7,000ದಿಂದ ಭಾಗಿಸಿ. ಬರುವುದು ಎಚ್‌ಪಿ, ಅಂದರೆ ಪವರ್‌ನ ಅಳತೆ. 2,000 ಆರ್‌ಪಿಎಂನಲ್ಲಿ ಎರಡೂ ಕಾರು 400 ಎನ್‌ಎಂ (ನ್ಯೂಟನ್ ಮೀಟರ್) ಕೊಡುತ್ತವೆ, ಅಂದರೆ ಸುಮಾರು 114 ಎಚ್‌ಪಿ. ಇಲ್ಲಿ ಇಬ್ಬರೂ ಸಮ. ಆದರೆ 320ಡಿಯ ಆ 400 ಸಿಗುವುದು 1,750ರಿಂದ 2,500ರವರೆಗೆ ಮಾತ್ರ. ಆಮೇಲೆ ಇಳಿಯುತ್ತದೆ. 4,000ಕ್ಕೆ 190 ಎಚ್‌ಪಿ ಮುಟ್ಟಿ ಅದರ ಕೆಲಸ ಹೆಚ್ಚುಕಮ್ಮಿ ಮುಗಿಯಿತು. 330ಐಗೆ ಅದೇ 400 ಎನ್‌ಎಂ 1,550ರಿಂದ 4,400ರವರೆಗೆ ಹಾಸಿಕೊಂಡಿದೆ. 4,400ರಲ್ಲೇ 250 ಎಚ್‌ಪಿ ಆಗಿಬಿಟ್ಟಿರುತ್ತದೆ. 5,000ದಿಂದ 6,500ರವರೆಗೆ 258. ಬ್ರೋಷರ್‌ನಲ್ಲಿ "400" ಅನ್ನೋ ಸಂಖ್ಯೆ ಒಂದೇ ಇದ್ದರೂ, ಅದು ಎಲ್ಲಿಂದ ಎಲ್ಲಿಯವರೆಗೆ ಸಿಗುತ್ತದೆ ಅನ್ನೋದನ್ನು ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ. ಅದನ್ನೇ ಮೊದಲು ಓದಬೇಕು.

ಡೀಸೆಲ್ ಯಾಕೆ ಮೇಲಿನ ಆರ್‌ಪಿಎಂಗೆ ಹೋಗಲ್ಲ ಅಂದರೆ, ಅಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಚೆನ್ನಾಗಿ ಒತ್ತಿ ಬಿಸಿ ಮಾಡಿ, ಆ ಬಿಸಿಗೆ ಡೀಸೆಲ್ ಚಿಮ್ಮಿಸುತ್ತಾರೆ. ಅದು ಆವಿಯಾಗಿ, ಗಾಳಿ ಜೊತೆ ಬೆರೆತು ಉರಿಯೋದಕ್ಕೆ ಸಮಯ ಬೇಕು. ಆರ್‌ಪಿಎಂ ಏರಿದಷ್ಟೂ ಆ ಸಮಯ ಕಮ್ಮಿ ಆಗುತ್ತದೆ. ಅಷ್ಟು ಒತ್ತಡ ತಡೆಯೋಕೆ ಪಿಸ್ಟನ್, ಕನೆಕ್ಟಿಂಗ್ ರಾಡ್ ಎಲ್ಲ ಗಟ್ಟಿಮುಟ್ಟಾಗಿ, ಭಾರವಾಗಿ ಇರಬೇಕು. ಭಾರದ ಭಾಗಗಳನ್ನು ನಿಮಿಷಕ್ಕೆ 7,000 ಸಲ ತಿರುಗಿಸುವುದು ಆಗದ ಮಾತು.

ಈಗ ರಸ್ತೆಗೆ ಬರೋಣ. 0-100 ಅನ್ನೋದು ಸಿಗ್ನಲ್‌ನಲ್ಲಿ ಯಾರೂ ಮಾಡದ ಕೆಲಸ. ಅದೂ ಅಲ್ಲದೆ ಎರಡೂ ಹಿಂದಿನ ಚಕ್ರ ಓಡಿಸುವ ಕಾರುಗಳು. ಮೊದಲ ಗೇರ್‌ನಲ್ಲಿ ಟೈರ್ ಹಿಡಿತ ಎಷ್ಟಿದೆಯೋ ಅಷ್ಟೇ ಪಿಕಪ್. ಅಲ್ಲಿ ಇಂಧನದ ವ್ಯತ್ಯಾಸ ದೊಡ್ಡದಾಗಿ ಕಾಣಲ್ಲ. ನಮಗೆ ಬೇಕಾಗಿರೋದು 60ರಿಂದ 100. ಏರ್‌ಪೋರ್ಟ್ ರಸ್ತೆಗೆ ಸರ್ವಿಸ್ ರೋಡಿನಿಂದ ಸೇರುವಾಗ, ಕನಕಪುರ ದಾಟಿದ ಮೇಲೆ ಲಾರಿ ಹಿಂದೆ ಹಾಕುವಾಗ ಬೇಕಾಗೋದು ಅದೇ.

ಜನ ಸೇರಿ 1,600 ಕೆಜಿ ತೂಕ ಅಂದುಕೊಳ್ಳಿ. ಅಷ್ಟು ತೂಕವನ್ನು 60ರಿಂದ 100ಕ್ಕೆ ಏರಿಸಲು ಬೇಕಾದ ಶಕ್ತಿ ಸುಮಾರು 395 ಕಿಲೋಜೂಲ್. ಪೆಟ್ರೋಲ್ ಆದರೂ ಅಷ್ಟೇ, ಡೀಸೆಲ್ ಆದರೂ ಅಷ್ಟೇ. 190 ಎಚ್‌ಪಿ ಅಂದರೆ ಸೆಕೆಂಡಿಗೆ 140 ಕಿಲೋಜೂಲ್. 258 ಅಂದರೆ 190 ಕಿಲೋಜೂಲ್. ಗಾಳಿಯ ತಡೆ, ಗೇರ್‌ಬಾಕ್ಸ್ ನಷ್ಟ ಎಲ್ಲ ಪಕ್ಕಕ್ಕಿಟ್ಟರೆ 2.8 ಸೆಕೆಂಡ್ ಮತ್ತು 2.1 ಸೆಕೆಂಡ್. ನಿಜದಲ್ಲಿ ಎರಡೂ ಇದಕ್ಕಿಂತ ಜಾಸ್ತಿ ತೆಗೆದುಕೊಳ್ಳುತ್ತವೆ, ಆದರೆ ಯಾರು ಮುಂದೆ ಅನ್ನೋದು ಬದಲಾಗಲ್ಲ. ಎದುರಿಗೆ ಬಸ್ಸು ಬರುತ್ತಿರುವಾಗ ಮುಕ್ಕಾಲು ಸೆಕೆಂಡ್ ಸಣ್ಣದಲ್ಲ.

ಹಾಗಾದರೆ ಇಷ್ಟು ವರ್ಷ ಜನ ಡೀಸೆಲ್ ಎಳೆತ ಅಂತ ಹೊಗಳಿದ್ದು ಸುಮ್ನೆನಾ? ಖಂಡಿತ ಅಲ್ಲ. ಇಲ್ಲಿ ಬೆಂಗಳೂರಿನದ್ದೂ ಒಂದು ಪಾತ್ರ ಇದೆ. ನಮ್ಮೂರು ಸಮುದ್ರಮಟ್ಟಕ್ಕಿಂತ 900 ಮೀಟರ್‌ಗೂ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತಿರ ಹತ್ತಿರ ಶೇ 10 ಕಡಿಮೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಸಿಕ್ಕಿದ ಗಾಳಿಯಲ್ಲೇ ಕೆಲಸ ಮಾಡಬೇಕು, ಹಾಗಾಗಿ ಅದರ ಪವರ್ ಕೂಡ ಅಷ್ಟೇ ಬೀಳುತ್ತದೆ. ನಂದಿ ಬೆಟ್ಟದ ತುದಿ 1,478 ಮೀಟರ್, ಅಲ್ಲಿ ಶೇ 15ರಷ್ಟು ನಷ್ಟ. ಹಳೆಯ ಪೆಟ್ರೋಲ್ ಕಾರಿನಲ್ಲಿ ನಾಲ್ಕು ಜನ ಕೂತು ಆ ತಿರುವುಗಳನ್ನು ಹತ್ತಿದವರಿಗೆ ಇದು ಗೊತ್ತಿರುತ್ತದೆ. ಎರಡನೇ ಗೇರ್ ಸಾಲದೆ ಮೊದಲನೆಯದಕ್ಕೆ ಇಳಿಸಿ, ಎಂಜಿನ್ ಕೂಗುತ್ತಾ ಇದ್ದರೂ ಕಾರು ಮುಂದೆ ಹೋಗದ ಆ ಕ್ಷಣ! ಅದೇ ಹೊತ್ತಿಗೆ ಡೀಸೆಲ್ ಕಾರು ಎರಡನೇ ಗೇರ್‌ನಲ್ಲೇ ಆರಾಮಾಗಿ ದಾಟಿ ಹೋಗುತ್ತಿತ್ತು. ಅದಕ್ಕೆ ಟರ್ಬೊ ಇತ್ತು. ಗಾಳಿ ತೆಳುವಾದರೆ ಟರ್ಬೊ ಇನ್ನೂ ಜೋರಾಗಿ ತಿರುಗಿ ಕೊರತೆ ತುಂಬುತ್ತದೆ. ಜನ ಡೀಸೆಲ್‌ಗೆ ಕೊಟ್ಟ ಶಹಬ್ಬಾಸ್‌ಗಿರಿಯಲ್ಲಿ ದೊಡ್ಡ ಪಾಲು ಟರ್ಬೊಗೆ ಸೇರಬೇಕಾದದ್ದು.

ಇದನ್ನು ಒಂದೇ ಕಾರಿನಲ್ಲಿ ನೋಡಬೇಕು ಅಂದರೆ ಹ್ಯುಂಡೈ ಕ್ರೆಟಾ ನೋಡಿ. ಸಾದಾ 1.5 ಪೆಟ್ರೋಲ್‌ಗೆ 115 ಪಿಎಸ್ (ಹೆಚ್ಚುಕಮ್ಮಿ ಎಚ್‌ಪಿಯೇ), 144 ಎನ್‌ಎಂ. ಡೀಸೆಲ್‌ಗೆ 116 ಪಿಎಸ್, 250 ಎನ್‌ಎಂ. ಟರ್ಬೊ ಪೆಟ್ರೋಲ್‌ಗೆ 160 ಪಿಎಸ್, 253 ಎನ್‌ಎಂ. ಮೊದಲ ಎರಡನ್ನು ಬೆಂಗಳೂರಿನಲ್ಲಿ ಒಂದರ ಹಿಂದೆ ಒಂದು ಓಡಿಸಿದರೆ ಡೀಸೆಲ್ಲೇ ಗಟ್ಟಿ ಅನಿಸುತ್ತದೆ. ಅದು ಬರೀ ಅನಿಸಿಕೆ ಅಲ್ಲ, ಸಾದಾ ಪೆಟ್ರೋಲ್‌ನ 115 ಇಲ್ಲಿ 103-104ರ ಹತ್ತಿರ ಇರುತ್ತದೆ. ಡೀಸೆಲ್‌ನಿಂದ ಇಳಿದು ಟರ್ಬೊ ಪೆಟ್ರೋಲ್ ಹತ್ತಿ. ಕೆಳಗಿನ ಎಳೆತ ಹೆಚ್ಚುಕಮ್ಮಿ ಅದೇ, ಆದರೆ 3,500 ದಾಟಿದ ಮೇಲೆ ಡೀಸೆಲ್ ಉಸಿರು ಬಿಡುವಲ್ಲಿ ಇದು ಇನ್ನೂ ಓಡುತ್ತಿರುತ್ತದೆ. ನಿಮ್ಮ 320ಡಿ, 330ಐ ಕಥೆಯೂ ಇದೇ.

ಇನ್ನು ಅನುಭವದ ವಿಷಯ. ಭಾವನ ಕಾರಿನಲ್ಲಿ ಹೆಬ್ಬಾಳ ಫ್ಲೈಓವರ್ ಏರುವಾಗ ಗಮನಿಸಿದ್ದೇನೆ. ಕಾಲು ಸ್ವಲ್ಪ ಒತ್ತಿದರೆ ಒಂದು ಕ್ಷಣ ಏನೂ ಇಲ್ಲ. ಆರ್‌ಪಿಎಂ ಮುಳ್ಳು 1,800 ದಾಟುತ್ತಿದ್ದಂತೆ ಬೆನ್ನು ಸೀಟಿಗೆ ಅಂಟುತ್ತದೆ, 3,500ರ ಹೊತ್ತಿಗೆ ಗೇರ್ ಬದಲಾಗಿ ಮತ್ತೆ ಅದೇ ನೂಕು. ಪೆಟ್ರೋಲ್‌ನಲ್ಲಿ ಆ ನೂಕು ಒಂದೇ ಸಮ ಬರುತ್ತದೆ, ಏರುತ್ತಾ ಹೋಗುತ್ತದೆ. ನಮ್ಮ ಮೈಗೆ ವೇಗ ಗೊತ್ತಾಗಲ್ಲ, ಪಿಕಪ್ ದಿಢೀರ್ ಅಂತ ಬದಲಾದರೆ ಗೊತ್ತಾಗುತ್ತದೆ. ಅದಕ್ಕೇ ಪಕ್ಕದಲ್ಲಿ ಕೂತವರನ್ನು ಕೇಳಿದರೆ ಡೀಸೆಲ್ಲೇ ಫಾಸ್ಟ್ ಅಂತಾರೆ. ಫೋನಿನ ಜಿಪಿಎಸ್ ಆ್ಯಪ್ ಬೇರೆಯದೇ ಹೇಳುತ್ತದೆ.

ಡೀಸೆಲ್ ನಿಜವಾಗಿ ಗೆಲ್ಲುವ, ಇಲ್ಲವೇ ಸಮ ನಿಲ್ಲುವ ಜಾಗಗಳೂ ಇವೆ, ಅದನ್ನು ಮರೆಮಾಚಬಾರದು. ಬೆಂಗಳೂರಿನಲ್ಲಿ ನಾವು ಎಕ್ಸಲರೇಟರ್ ಪೂರ್ತಿ ಒತ್ತೋದೇ ಅಪರೂಪ. ಕಾಲುಭಾಗ ಒತ್ತುತ್ತೇವೆ. ಆಗ ಎರಡೂ ಎಂಜಿನ್ 2,000ದ ಆಸುಪಾಸಿನಲ್ಲೇ ಇರುತ್ತವೆ, ಅಲ್ಲಿ ಎರಡೂ ಸಮ ಅಂತ ಮೇಲೆ ನೋಡಿದೆವು. 330ಐ ತನ್ನ ಹೆಚ್ಚಿನ 68 ಎಚ್‌ಪಿ ತೋರಿಸಬೇಕಾದರೆ ಗೇರ್‌ಬಾಕ್ಸ್ ಎರಡು-ಮೂರು ಗೇರ್ ಇಳಿಸಬೇಕು, ಮುಳ್ಳು ಮೇಲೆ ಹೋಗಬೇಕು. ಕಂಫರ್ಟ್ ಮೋಡ್‌ನಲ್ಲಿ ಇದಕ್ಕೆ ಒಂದು ಕ್ಷಣ ಹಿಡಿಯುತ್ತದೆ. ನೀವು ಮೆಲ್ಲಗೆ ಓಡಿಸುವವರಾದರೆ ದಿನದ ಬಹುಪಾಲು ಎರಡು ಕಾರಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ.

ಇನ್ನೊಂದು ಶಾಖ. ಸಿಲ್ಕ್ ಬೋರ್ಡ್‌ನಲ್ಲಿ ಅರ್ಧ ಗಂಟೆ ತೆವಳಿ, ನೈಸ್ ರೋಡ್ ಹತ್ತಿ ಒಮ್ಮೆಲೇ ಒತ್ತಿದರೆ ಟರ್ಬೊ ಪೆಟ್ರೋಲ್ ಮೊದಲಿನಷ್ಟು ಚುರುಕಾಗಿ ಇರಲ್ಲ. ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕಾದಿರುತ್ತದೆ, ಒಳಗೆ ಹೋಗುವ ಗಾಳಿ ಬಿಸಿಯಾಗಿರುತ್ತದೆ. ನಾಕಿಂಗ್ (ಪೆಟ್ರೋಲ್ ತಾನಾಗೇ ಹೊತ್ತಿ ಎಂಜಿನ್ ಬಡಿದುಕೊಳ್ಳುವುದು) ಆಗಬಾರದು ಅಂತ ಕಂಪ್ಯೂಟರ್ ಸ್ಪಾರ್ಕನ್ನು ತಡವಾಗಿ ಕೊಡುತ್ತದೆ. ಸ್ವಲ್ಪ ದೂರ ಗಾಳಿ ಹೊಡೆದ ಮೇಲೆ ಸರಿಹೋಗುತ್ತದೆ. ಡೀಸೆಲ್‌ಗೂ ಬಿಸಿ ಗಾಳಿಯಿಂದ ನಷ್ಟ ಇದೆ, ಆದರೆ ಸ್ಪಾರ್ಕೇ ಇಲ್ಲದ ಕಾರಣ ಈ ತಾಪತ್ರಯ ಇಲ್ಲ. ಇದೇ ಕಾರಣಕ್ಕೆ ಪೆಟ್ರೋಲ್ ಕಾರಿಗೆ ಟ್ಯಾಂಕ್ ಮುಚ್ಚಳದ ಒಳಗೆ ಬರೆದಿರುವ ಆಕ್ಟೇನ್‌ನದ್ದೇ (ನಾಕಿಂಗ್ ತಡೆಯುವ ಗುಣದ ಅಳತೆ) ಪೆಟ್ರೋಲ್ ಹಾಕಿಸಿ. ಶೇ 20 ಎಥೆನಾಲ್ ಬೆರೆತ ಇ20 ಪೆಟ್ರೋಲ್‌ನಿಂದ ಮೈಲೇಜ್ ಸ್ವಲ್ಪ ಬೀಳುತ್ತದೆ, ಪಿಕಪ್ ಅಷ್ಟಾಗಿ ಬೀಳಲ್ಲ. ಜೋರಾಗಿ ಓಡಿಸಿದಾಗ ಮೈಲೇಜ್ ವಿಷಯದಲ್ಲಂತೂ ಡೀಸೆಲ್‌ಗೆ ಸಾಟಿ ಇಲ್ಲ.

"ದೊಡ್ಡ ಡೀಸೆಲ್ ಆಗಿದ್ದರೆ?" ಅಂತ ಮುಂದೆ ಕೇಳಬಹುದು. 2017ರ 5 ಸೀರೀಸ್‌ನಲ್ಲಿ ಬಿಎಂಡಬ್ಲ್ಯು ಆ ಪ್ರಯತ್ನವನ್ನೂ ಮಾಡಿತು. ಯುರೋಪಿನಲ್ಲಿ ಮಾರಿದ ಎಂ550ಡಿಗೆ ನಾಲ್ಕು ಟರ್ಬೊ, 400 ಪಿಎಸ್, 760 ಎನ್‌ಎಂ. 0-100ಕ್ಕೆ 4.4 ಸೆಕೆಂಡ್. ಅದ್ಭುತ ಎಂಜಿನ್, ನನಗೆ ಬಹಳ ಇಷ್ಟ. ಅದೇ ಕಾರಿನ ಪೆಟ್ರೋಲ್ ಎಂ550ಐಗೆ 650 ಎನ್‌ಎಂ ಮಾತ್ರ, ಆದರೆ 462 ಪಿಎಸ್. ಸಮಯ 4.0. ಟಾರ್ಕ್ 110 ಕಡಿಮೆ ಇದ್ದೂ ಮುಂದೆ. 2006ರಲ್ಲಿ ಆಡಿ ಆರ್10 ಟಿಡಿಐ 24 ಗಂಟೆಗಳ ಲ ಮಾನ್ಸ್ ರೇಸ್ ಗೆದ್ದ ಮೊದಲ ಡೀಸೆಲ್ ಕಾರಾಯಿತು. ಡೀಸೆಲ್ ನಿಧಾನ ಅಂತ ಯಾರಾದರೂ ಅಂದರೆ ಅದನ್ನು ನೆನಪಿಸಿ. 5.5 ಲೀಟರ್, 12 ಸಿಲಿಂಡರ್ ಇದ್ದರೆ ಡೀಸೆಲ್‌ನಲ್ಲೂ ಪವರ್‌ಗೆ ಕೊರತೆ ಇಲ್ಲ. ನಿಮ್ಮ ಬಜೆಟ್ಟಿನ 2 ಲೀಟರ್ ಕಾರಿನಲ್ಲಿ ಆ ಅನುಕೂಲ ಇಲ್ಲ.

ಟೆಸ್ಟ್ ಡ್ರೈವ್‌ನಲ್ಲಿ 0-100 ಮಾಡಲು ಹೋಗಬೇಡಿ. ಎರಡೂ ಕಾರಿನಲ್ಲಿ ಒಂದೇ ದಿನ, ಒಂದೇ ಏರು ಹುಡುಕಿ. 40ರಲ್ಲಿ ಹೋಗುತ್ತಾ ಎರಡು ಸಲ ನೋಡಿ: ಒಮ್ಮೆ ನೀವು ದಿನಾ ಒತ್ತುವಷ್ಟೇ ಒತ್ತಿ, ಇನ್ನೊಮ್ಮೆ ರಸ್ತೆ ಖಾಲಿ ಇದ್ದಾಗ ಮಿತಿಯೊಳಗೆ ಪೂರ್ತಿ ಒತ್ತಿ. ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಮಿತಿ 100, ಉದ್ದಕ್ಕೂ ಕ್ಯಾಮೆರಾ ಇದೆ. ಅಲ್ಲಿ ಸಾಹಸ ಬೇಡವೇ ಬೇಡ, ನಿಮ್ಮ ಜೊತೆ ಬೇರೆಯವರ ಜೀವವೂ ಇರುತ್ತದೆ. ಕಾರಿನ ಪೂರ್ತಿ ಶಕ್ತಿ ನೋಡಲೇಬೇಕು ಅನ್ನೋ ಆಸೆ ಇದ್ದರೆ ಟ್ರ್ಯಾಕ್ ಡೇ (ರೇಸ್ ಟ್ರ್ಯಾಕ್‌ನಲ್ಲಿ ಸ್ವಂತ ಕಾರು ಓಡಿಸಲು ಬಿಡುವ ದಿನ) ಇದ್ದಾಗ ಚೆನ್ನೈ ಹತ್ತಿರ ಇರುಂಗಾಟುಕೋಟ್ಟೈ ಟ್ರ್ಯಾಕ್‌ಗೋ, ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗಿ.

ನನ್ನ ಆಯ್ಕೆ ಕೇಳಿದರೆ: ತಿಂಗಳಿಗೆ ಒಂದೆರಡು ಸಲವಾದರೂ ಹಾಸನ, ಮಂಗಳೂರು ಕಡೆ ದೂರ ಹೋಗುವವರಾದರೆ 320ಡಿ ತಗೊಳ್ಳಿ. ಮನೆ, ಆಫೀಸು, ವಾರಕ್ಕೊಮ್ಮೆ ಬೆಳಗಿನ ಜಾವ ನಂದಿ ಅಂತಾದರೆ 330ಐ. ಇದು ಬರೀ ಪಿಕಪ್‌ಗಾಗಿ ಹೇಳುತ್ತಿಲ್ಲ. ಡೀಸೆಲ್ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಸ್ವಚ್ಛ ಮಾಡಿಕೊಳ್ಳಲು ಹೈವೇ ಓಟ ಬೇಕು. ಬರೀ ಸಿಟಿ ಟ್ರಾಫಿಕ್‌ನಲ್ಲಿ ಬೆಳೆದ ಕಾರಿಗೆ ಅದು ಕಟ್ಟಿಕೊಂಡಿರುತ್ತದೆ. ಕಟ್ಟಿಕೊಂಡರೆ ಕಂಪ್ಯೂಟರ್ ಪವರ್ ಇಳಿಸಿಬಿಡುತ್ತದೆ, ಆಮೇಲೆ 400 ಎನ್‌ಎಂ ಎಲ್ಲ ಕಾಗದದಲ್ಲಷ್ಟೇ. 320ಡಿ ನೋಡಲು ಹೋದರೆ ಸ್ಕ್ಯಾನರ್ ಇರುವ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮಸಿ ಎಷ್ಟು ತುಂಬಿದೆ, ಕೊನೆಯ ಸಲ ಯಾವಾಗ ಸುಟ್ಟುಕೊಂಡಿದೆ, ಫಿಲ್ಟರ್ ಕಿತ್ತು ಹಾಕಿದ್ದಾರಾ ಅಂತ ನೋಡಿಸಿ, ಆಮೇಲೆ ರೇಟ್ ಮಾತಾಡಿ.