ಆಟಕ್ಕಿರಲಿ, ಲೆಕ್ಕಕ್ಕೆ ಬೇಡ

ನೀವು ಕೇಳಿರುವುದು ಇಷ್ಟು: ಜರ್ಮನಿ ಮತ್ತು ಸ್ಪೇನ್‌ಗಳಲ್ಲಿ ದೊಡ್ಡ ಫುಟ್‌ಬಾಲ್ ಕ್ಲಬ್‌ಗಳ ಮೀಸಲು ತಂಡಗಳು, ಅಂದರೆ ಹೆಚ್ಚಾಗಿ ಎಳೆಯರೇ ಇರುವ ಎರಡನೆಯ ತಂಡಗಳು, ಕೆಳಗಿನ ಲೀಗ್‌ಗಳಲ್ಲಿ ಉಳಿದ ಕ್ಲಬ್‌ಗಳ ಜೊತೆಗೇ ಆಡುತ್ತವೆ, ಇಂಗ್ಲೆಂಡಿನ ಅಭಿಮಾನಿಗಳು ಮಾತ್ರ ಅದನ್ನು ಸುತರಾಂ ಒಪ್ಪುವುದಿಲ್ಲ, ಇಬ್ಬರಲ್ಲಿ ಯಾರು ಸರಿ?

ನನ್ನ ಉತ್ತರ ಪಕ್ಷಪಾತದ್ದು ಎಂದು ಮೊದಲೇ ಹೇಳಿಬಿಡುತ್ತೇನೆ. ಕೆಲಸದ ಮೇಲೆ ಸ್ಟುಟ್‌ಗಾರ್ಟ್‌ಗೆ ಬಂದು ಹತ್ತು ವರ್ಷ ದಾಟಿದೆ. ಈ ಊರಿನ ದೊಡ್ಡ ಕ್ಲಬ್ ವಿಎಫ್‌ಬಿ ನಿಮಗೆ ಗೊತ್ತೇ ಇರುತ್ತದೆ. ನಾನು ಹೋಗಿ ಕೂರುವುದು ಇನ್ನೊಂದು ಕಡೆ, ಸ್ಟುಟ್‌ಗಾರ್ಟರ್ ಕಿಕರ್ಸ್ ಪಂದ್ಯಗಳಿಗೆ. ಮೊದಲ ಸಲ ಸಹೋದ್ಯೋಗಿಯೊಬ್ಬ ಎಳೆದುಕೊಂಡು ಹೋಗಿದ್ದ. 1884ರಿಂದ ಓಡುತ್ತಿರುವ ಹಲ್ಲುಗಾಲಿಯ ರೈಲು ಹತ್ತಿ ಡೆಗರ್‌ಲೋಖ್ ಗುಡ್ಡಕ್ಕೆ ಹೋದರೆ, ಅಲ್ಲಿಂದ ಮುಂದೆ ಟಿವಿ ಗೋಪುರದ ಬುಡದಲ್ಲಿ ವಾಲ್ಡಾವ್ ಮೈದಾನ. ಕಿಕರ್ಸ್ 1905ರಿಂದ ಅಲ್ಲೇ ಆಡುತ್ತಿದೆ. ಈಗ ಅದಕ್ಕೆ ಗಾಜಿ ಎಂಬ ಚೀಸ್ ಕಂಪನಿಯ ಹೆಸರಿದೆ. ಊರಿನಿಂದ ಬಂದ ಸ್ನೇಹಿತರಿಗೆ 'ಗಾಜಿ ಮೈದಾನ' ಎಂದರೆ ಯಾವುದೋ ಸುಲ್ತಾನನ ಕಾಲದ್ದೆಂದು ಭಾವಿಸಿ ಗೌರವದಿಂದ ತಲೆಯಾಡಿಸುತ್ತಾರೆ. ನಾನೂ ತಿದ್ದುವುದಿಲ್ಲ.

ಈ ಮೈದಾನದಲ್ಲಿ ಕೂತು ನೋಡಿದವನಿಗೆ ನಿಮ್ಮ ಪ್ರಶ್ನೆ ಬರಿಯ ತತ್ತ್ವದ ಪ್ರಶ್ನೆಯಾಗಿ ಉಳಿಯುವುದಿಲ್ಲ. 2012ರಿಂದ 2016ರವರೆಗೆ ಕಿಕರ್ಸ್ ಮತ್ತು ವಿಎಫ್‌ಬಿಯ ಎರಡನೆಯ ತಂಡ ಎರಡೂ ಜರ್ಮನಿಯ ಮೂರನೆಯ ಲೀಗ್‌ನಲ್ಲಿದ್ದವು. ಇಲ್ಲಿ ವರ್ಷದ ಕೊನೆಗೆ ಪಟ್ಟಿಯ ಮೇಲ್ತುದಿಯವರು ಒಂದು ದರ್ಜೆ ಏರುತ್ತಾರೆ, ಕೆಳತುದಿಯವರು ಒಂದು ದರ್ಜೆ ಇಳಿಯುತ್ತಾರೆ. 2016ರ ಮೇ ತಿಂಗಳಲ್ಲಿ ಎರಡೂ ಒಟ್ಟಿಗೇ ಕೆಳಗಿಳಿದವು. ಕಿಕರ್ಸ್ ಕೊನೆಯ ದಿನ ಕೆಮ್ನಿಟ್ಸ್‌ನಲ್ಲಿ ಸೋತು ಇಳಿಯಿತು. ವಿಎಫ್‌ಬಿಯ ಎರಡನೆಯ ತಂಡ ಇಳಿದದ್ದು ಊರಿನಲ್ಲಿ ಯಾರಿಗೂ ಸುದ್ದಿಯೇ ಆಗಲಿಲ್ಲ, ಏಕೆಂದರೆ ಅದೇ ತಿಂಗಳು ಅದರ ಮೊದಲ ತಂಡವೂ ದೇಶದ ಅತಿ ಮೇಲಿನ ದರ್ಜೆಯಾದ ಬುಂಡೆಸ್‌ಲೀಗಾದಿಂದ ಉದುರಿತ್ತು. ಮೊದಲ ತಂಡ ಮರುವರ್ಷವೇ ಮೇಲೆ ಬಂತು. ಕಿಕರ್ಸ್ 2018ರಲ್ಲಿ ಇನ್ನೊಂದು ಮೆಟ್ಟಿಲು ಜಾರಿ ಐದನೆಯ ದರ್ಜೆಗೆ ಬಿತ್ತು, ಅಲ್ಲಿಂದ ಏಳಲು ಐದು ವರ್ಷ ಹಿಡಿಯಿತು. ಒಂದೇ ದರ್ಜೆಯಿಂದ ಒಂದೇ ವರ್ಷ ಬಿದ್ದ ಎರಡು ತಂಡಗಳು. ಒಂದಕ್ಕೆ ಅದು ವಾರ್ಷಿಕ ವರದಿಯಲ್ಲೊಂದು ಸಾಲು, ಇನ್ನೊಂದಕ್ಕೆ ಏಳು ವರ್ಷಗಳ ವನವಾಸ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ಸಹೋದ್ಯೋಗಿಗೆ ಜರ್ಮನ್‌ನಲ್ಲಿ ವಿವರಿಸಲು ಹೋಗಿ ಅರ್ಧ ಗಂಟೆ ಕಳೆದಿದ್ದೇನೆ.

ಅಷ್ಟಕ್ಕೇ ಮುಗಿಯಲಿಲ್ಲ. ವಿಎಫ್‌ಬಿಯ ಎರಡನೆಯ ತಂಡವೂ ಜಾರುತ್ತಾ ಬಂದು 2019ರಲ್ಲಿ ಅದೇ ಐದನೆಯ ದರ್ಜೆಗೆ ಇಳಿಯಿತು. ಒಂದೇ ವರ್ಷದಲ್ಲಿ ಬಡ್ತಿ ಪಡೆದು ಹೋಯಿತು, ಕಿಕರ್ಸ್ ಅಲ್ಲೇ ಉಳಿಯಿತು. ಕೊನೆಗೆ 2023ರಲ್ಲಿ ಕಿಕರ್ಸ್ ನಾಲ್ಕನೆಯ ದರ್ಜೆಗೆ, ಅಂದರೆ ರೆಗಿಯೊನಾಲ್‌ಲೀಗಾದ ನೈಋತ್ಯ ವಿಭಾಗಕ್ಕೆ ಏರಿತು. ಏರಿದ ವರ್ಷವೇ ಅದ್ಭುತವಾಗಿ ಆಡಿ ಎರಡನೆಯ ಸ್ಥಾನ ಪಡೆಯಿತು. ಮೊದಲ ಸ್ಥಾನ ಯಾರದೆಂದು ನೀವು ಊಹಿಸಿರುತ್ತೀರಿ. ವಿಎಫ್‌ಬಿಯ ಎರಡನೆಯ ತಂಡದ್ದು. ಈ ದರ್ಜೆಯಲ್ಲಿ ಐದು ವಿಭಾಗಗಳಿವೆ, ಮೇಲಕ್ಕೆ ಹೋಗಲು ಇರುವ ಜಾಗ ಮಾತ್ರ ನಾಲ್ಕು. ನೈಋತ್ಯ ವಿಭಾಗದಿಂದ ಹೋಗುವುದು ಚಾಂಪಿಯನ್ ಒಬ್ಬನೇ. ಎರಡನೆಯವನಿಗೆ ಪ್ಲೇ-ಆಫ್, ಅಂದರೆ ಬಡ್ತಿಗಾಗಿ ಇನ್ನೊಂದು ಪಂದ್ಯ ಆಡುವ ಅವಕಾಶ, ಕೂಡ ಇಲ್ಲ.

ಮೂರನೆಯ ಲೀಗ್‌ಗೆ ಏರಿದ ಆ ತಂಡಕ್ಕೆ ತನ್ನದೇ ತವರು ಮೈದಾನ ಅಲ್ಲಿಗೆ ಸಾಲದೆ, ಗ್ರೋಸ್‌ಆಸ್ಪಾಖ್ ಎಂಬ ಹಳ್ಳಿಯ ಅಂಗಳಕ್ಕೆ ಹೋಗಿ ಆಡತೊಡಗಿತು. ಆ ಹಳ್ಳಿಯ ಸ್ವಂತ ಕ್ಲಬ್ ಕೂಡ ಒಂದು ಕಾಲಕ್ಕೆ ಮೂರನೆಯ ಲೀಗ್‌ನಲ್ಲಿತ್ತು. ಬಾಡಿಗೆದಾರರು ಬಂದಾಗ ಮನೆಯೊಡೆಯ ಎರಡು ಮೆಟ್ಟಿಲು ಕೆಳಗಿದ್ದ. ಆ ಎರಡನೆಯ ತಂಡ ಅದಕ್ಕೆ ಮೊದಲು ಆಡುತ್ತಿದ್ದ ಪುಟ್ಟ ಮೈದಾನಕ್ಕೆ ರಾಬರ್ಟ್ ಶ್ಲೀನ್ಸ್ ಹೆಸರಿದೆ. 1948ರಲ್ಲಿ ಕಾರು ಅಪಘಾತದಲ್ಲಿ ಎಡಗೈ ಕಳೆದುಕೊಂಡ ಮೇಲೂ ವಿಎಫ್‌ಬಿಯ ನಾಯಕನಾಗಿ 1950 ಮತ್ತು 1952ರಲ್ಲಿ ತಂಡವನ್ನು ಜರ್ಮನಿಯ ಚಾಂಪಿಯನ್ ಮಾಡಿದವನು. ವಿಷಯಕ್ಕೆ ಸಂಬಂಧವಿಲ್ಲ, ಆದರೆ ಎದುರಾಳಿ ಕ್ಲಬ್ಬಿನ ಬಗ್ಗೆ ಒಂದಾದರೂ ಒಳ್ಳೆಯ ಮಾತು ಹೇಳದೆ ಹೋದರೆ ನಿದ್ದೆ ಬರುವುದಿಲ್ಲ.

ಇನ್ನು ಪರವಾದ ವಾದಕ್ಕೆ ಬರುತ್ತೇನೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಥಾಮಸ್ ಮ್ಯುಲರ್ 2008-09ರಲ್ಲಿ ಮ್ಯೂನಿಕ್‌ನ ದೊಡ್ಡ ಕ್ಲಬ್ ಬಯರ್ನ್‌ನ ಎರಡನೆಯ ತಂಡದಲ್ಲಿ ಮೂರನೆಯ ಲೀಗ್ ಆಡಿದ, 2010ರ ವಿಶ್ವಕಪ್‌ನಲ್ಲಿ ಐದು ಗೋಲು ಹೊಡೆದು ಚಿನ್ನದ ಬೂಟು ಗೆದ್ದ. ಜರ್ಮನಿಯ ರಾಷ್ಟ್ರೀಯ ತಂಡಕ್ಕೆ ಆಡಿದ ಅಂಟೋನಿಯೊ ರ‍್ಯೂಡಿಗರ್, ಬರ್ನ್ಡ್ ಲೆನೊ ಇಬ್ಬರೂ ವಿಎಫ್‌ಬಿಯ ಎರಡನೆಯ ತಂಡದಿಂದಲೇ ಬಂದವರು. ಹದಿನೆಂಟರ ಹುಡುಗನಿಗೆ ತನ್ನದೇ ವಯಸ್ಸಿನವರ ಜೊತೆ ಆಡಿ ಕಲಿಯುವುದು ಹೆಚ್ಚೇನೂ ಉಳಿದಿರುವುದಿಲ್ಲ. ಮೂವತ್ತೆರಡರ ಗಟ್ಟಿಗ ಡಿಫೆಂಡರ್ ಒಬ್ಬ, ಮನೆ ಸಾಲದ ಕಂತು ತೀರಿಸಬೇಕಾದವನು, ಕೆಸರಿನಲ್ಲಿ ಮೊಣಕೈ ತಿವಿಯುವಾಗ ಅವನು ಕಲಿಯುವುದು ಯಾವ ಅಕಾಡೆಮಿಯಲ್ಲೂ ಸಿಗದು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ.

ಆದರೆ ಅದೇ ಪಾಠ ಮೀಸಲು ತಂಡದಲ್ಲೇ ಆಗಬೇಕೆಂದು ಎಲ್ಲಿದೆ? ಯೂರ್ಗನ್ ಕ್ಲಿನ್ಸ್‌ಮನ್ ಎಲ್ಲಿ ಬೆಳೆದ? ಊರಿನ ಬೇಕರಿಯವರ ಮಗ ಅವನು, ಇದೇ ವಾಲ್ಡಾವ್ ಗುಡ್ಡದ ಮೇಲೆ ಕಿಕರ್ಸ್ ಪರವಾಗಿ ಎರಡನೆಯ ದರ್ಜೆಯಲ್ಲಿ ಆಡಿ, 1984ರಲ್ಲಿ ವಿಎಫ್‌ಬಿಗೆ ಹೋದ. ಅವನಿಗಿಂತ ಒಂದು ವರ್ಷ ಮೊದಲು ಹೋದವನು ಗೀಡೊ ಬುಖ್‌ವಾಲ್ಡ್, ಅವನೂ ಕಿಕರ್ಸ್‌ನವನೇ. 1990ರ ವಿಶ್ವಕಪ್ ಫೈನಲ್‌ನಲ್ಲಿ ಮರಡೋನಾನನ್ನು ಕಟ್ಟಿಹಾಕಿದ್ದು ಬುಖ್‌ವಾಲ್ಡ್, ಮುಂಪಡೆಯಲ್ಲಿ ಓಡಿದ್ದು ಕ್ಲಿನ್ಸ್‌ಮನ್. ಒಂದು ಸಣ್ಣ ಕ್ಲಬ್ ತನ್ನ ಸ್ವಂತ ಬಾವುಟದ ಕೆಳಗೆ, ತನ್ನ ಸ್ವಂತ ಸೋಲು-ಗೆಲುವಿನ ಬೆಂಕಿಯಲ್ಲಿ ಕಾಯಿಸಿ ಕೊಟ್ಟ ಇಬ್ಬರು ವಿಶ್ವ ಚಾಂಪಿಯನ್ನರು. ದೊಡ್ಡ ಕ್ಲಬ್ ಅವರನ್ನು ಅಲ್ಲಿಂದ ಪಡೆಯಿತು. ಈಗ ಆ ಕೆಲಸವನ್ನು ದೊಡ್ಡ ಕ್ಲಬ್ ತನ್ನ ಮನೆಯೊಳಗೇ ಇಟ್ಟುಕೊಂಡಿದೆ. ಇಟ್ಟುಕೊಳ್ಳಲಿ, ಅದು ಅದರ ಹಕ್ಕು. ಆದರೆ ಆ ಕೆಲಸ ಮಾಡುತ್ತಿದ್ದವನ ಮೆಟ್ಟಿಲನ್ನೂ ಹಿಡಿದುಕೊಂಡರೆ ಮುಂದಿನ ಕ್ಲಿನ್ಸ್‌ಮನ್ ಎಲ್ಲಿ ಆಡಬೇಕು?

ಮೀಸಲು ತಂಡವೇ ಇಲ್ಲದಿದ್ದರೆ ಆಕಾಶ ಕಳಚಿ ಬೀಳುತ್ತದೆ ಎಂಬ ಮಾತನ್ನೂ ನಾನು ನಂಬುವುದಿಲ್ಲ. ಬುಂಡೆಸ್‌ಲೀಗಾದ ಕ್ಲಬ್ ಲೆವರ್‌ಕುಸನ್ 2014ರಲ್ಲಿ ತನ್ನ ಎರಡನೆಯ ತಂಡವನ್ನು ಮುಚ್ಚಿತು. ಹತ್ತು ವರ್ಷಗಳ ನಂತರ, 2023-24ರಲ್ಲಿ, ಒಂದೂ ಪಂದ್ಯ ಸೋಲದೆ ಬುಂಡೆಸ್‌ಲೀಗಾ ಗೆದ್ದಿತು. ಆ ಗೆಲುವಿನ ತಾರೆ ಫ್ಲೋರಿಯಾನ್ ವಿರ್ಟ್ಸ್ ಹದಿನೇಳನೆಯ ವಯಸ್ಸಿನಲ್ಲಿ ನೇರವಾಗಿ ಅದರ ಮೊದಲ ತಂಡದಲ್ಲೇ ಕಾಲಿಟ್ಟವನು.

ಜರ್ಮನಿಯ ನಿಯಮಗಳು ಈ ಇಕ್ಕಟ್ಟನ್ನು ಅರ್ಧ ಗುರುತಿಸಿವೆ. ಮೀಸಲು ತಂಡ ಎರಡನೆಯ ಬುಂಡೆಸ್‌ಲೀಗಾಕ್ಕೆ ಏರುವಂತಿಲ್ಲ. ಮೂರನೆಯ ಲೀಗ್‌ನ ಟಿವಿ ಹಣದಲ್ಲಿ ಅದಕ್ಕೆ ಪಾಲಿಲ್ಲ. 2008ರಿಂದ ಜರ್ಮನ್ ಕಪ್‌ನಲ್ಲಿ ಪ್ರವೇಶವೂ ಇಲ್ಲ. 1993ರಲ್ಲಿ ಹರ್ತಾ ಬರ್ಲಿನ್‌ನ ಹವ್ಯಾಸಿ ತಂಡ (ಅಂದರೆ ಅದರ ಮೀಸಲು ತಂಡವೇ) ಕಪ್ ಫೈನಲ್‌ವರೆಗೆ ಹೋಗಿ ಲೆವರ್‌ಕುಸನ್‌ಗೆ ಒಂದೇ ಗೋಲಿನಿಂದ ಸೋತಿತ್ತು. ಅಂಥದ್ದು ಇನ್ನು ನಡೆಯದು. 2019-20ರಲ್ಲಿ ಬಯರ್ನ್‌ನ ಎರಡನೆಯ ತಂಡ ಮೂರನೆಯ ಲೀಗ್ ಗೆದ್ದೂ ಇದ್ದಲ್ಲೇ ಇತ್ತು. ಹಾಗಾಗಿ ಎರಡನೆಯ, ಮೂರನೆಯ ಸ್ಥಾನದ ತಂಡಗಳು ನೇರ ಏರಿದವು, ನಾಲ್ಕನೆಯದಾದ ಇಂಗೊಲ್‌ಸ್ಟಾಟ್‌ಗೆ ಪ್ಲೇ-ಆಫ್ ಸಿಕ್ಕಿತು. ಮೊದಲ ಪಂದ್ಯದಲ್ಲಿ ಎರಡನೆಯ ಬುಂಡೆಸ್‌ಲೀಗಾದ ನ್ಯೂರ್ನ್‌ಬರ್ಗ್ ವಿರುದ್ಧ 0-2 ಸೋತ ಇಂಗೊಲ್‌ಸ್ಟಾಟ್ ಎರಡನೆಯದರಲ್ಲಿ 3-0 ಮುಂದಿತ್ತು. 96ನೆಯ ನಿಮಿಷದಲ್ಲಿ ನ್ಯೂರ್ನ್‌ಬರ್ಗ್ ಒಂದು ಗೋಲು ಹೊಡೆದು ಒಟ್ಟು ಲೆಕ್ಕವನ್ನು 3-3 ಮಾಡಿತು, ಎದುರಾಳಿಯ ಅಂಗಳದಲ್ಲಿ ಹೆಚ್ಚು ಗೋಲು ಹೊಡೆದವರೇ ಮೇಲು ಎಂಬ ಅಂದಿನ ನಿಯಮದಿಂದ ತನ್ನ ದರ್ಜೆಯಲ್ಲಿ ಉಳಿದುಕೊಂಡಿತು. ಮರುವರ್ಷ ಚಾಂಪಿಯನ್ ಬಯರ್ನ್ ತಂಡವೇ ನಾಲ್ಕನೆಯ ದರ್ಜೆಗೆ ಉದುರಿತು. ಯಾರಿಗಾದರೂ ಬೇಸರವಾಯಿತೇ? ಮ್ಯೂನಿಕ್‌ನಲ್ಲಿ ಅಂದು ಬಿಯರ್ ಮಾರಾಟ ಒಂದು ಲೋಟವೂ ಕಡಿಮೆಯಾಗಿರಲಾರದು.

ಚಿಕ್ಕಂದಿನಲ್ಲಿ ಬೀದಿಯಲ್ಲಿ ಆಡುವಾಗ, ಅಳುತ್ತಾ ಬಂದ ತಮ್ಮನನ್ನೋ ತಂಗಿಯನ್ನೋ ಸೇರಿಸಿಕೊಂಡು 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎನ್ನುತ್ತಿದ್ದೆವಲ್ಲ, ಮೂರನೆಯ ಲೀಗ್‌ನ ಮೇಲ್ತುದಿಯಲ್ಲಿ ಮೀಸಲು ತಂಡದ ಸ್ಥಿತಿ ಸರಿಯಾಗಿ ಅದೇ. ಆ ಮಗು ಔಟಾದರೂ ಆಡುತ್ತಿತ್ತು, ಅದರ ರನ್ನು ಯಾರ ಖಾತೆಗೂ ಹೋಗುತ್ತಿರಲಿಲ್ಲ, ಎಲ್ಲರಿಗೂ ಸಮಾಧಾನ. ನನ್ನ ತಕರಾರು ಇರುವುದು ಕೆಳಗಿನ ಮೆಟ್ಟಿಲುಗಳಲ್ಲಿ. ಅಲ್ಲಿ ಅದೇ ಮಗು ಲೆಕ್ಕಕ್ಕೂ ಬರುತ್ತದೆ, ಅದೂ ಒಂದೇ ಬಡ್ತಿಯ ಜಾಗವಿರುವ ವಿಭಾಗದಲ್ಲಿ.

ಇನ್ನೊಂದು ಅನ್ಯಾಯ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಮೀಸಲು ತಂಡದಲ್ಲಿ 23ರ ಒಳಗಿನವರೇ ಇರಬೇಕು, ಕೆಲವರಿಗಷ್ಟೇ ವಿನಾಯಿತಿ. ಆದರೂ ಶನಿವಾರ ಯಾರು ಬರುತ್ತಾರೆಂಬುದು ಮೇಲಿನ ತಂಡದ ಗಾಯಾಳುಗಳ ಪಟ್ಟಿಯ ಮೇಲೆ ನಿಂತಿರುತ್ತದೆ. ನಿಮ್ಮ ಪ್ರತಿಸ್ಪರ್ಧಿಗೆ ಅಕ್ಟೋಬರ್‌ನಲ್ಲಿ ಎದುರಾದದ್ದು ಮೀಸೆ ಚಿಗುರದ ಹುಡುಗರು. ನಿಮಗೆ ಏಪ್ರಿಲ್‌ನಲ್ಲಿ ಎದುರಾಗುವವರಲ್ಲಿ ಮಂಡಿ ನೋವಿನಿಂದ ಚೇತರಿಸಿಕೊಳ್ಳುತ್ತಿರುವ ಬುಂಡೆಸ್‌ಲೀಗಾ ಆಟಗಾರರು ಇಬ್ಬರು. ಜೊತೆಗೆ, ಅವರ ಹಿಂದೆ ಹಾಡುತ್ತಾ ಬರುವ ಅಭಿಮಾನಿಗಳು ಬೆರಳೆಣಿಕೆಯಷ್ಟು. ಹೊರಗಿನವರಿಗೆಂದು ಬಿಟ್ಟ ಗ್ಯಾಲರಿ ಖಾಲಿ, ಸಾಸೇಜ್ ಅಂಗಡಿಯ ಮುಂದೆ ಸಾಲಿಲ್ಲ. ಟಿಕೆಟ್ ಮತ್ತು ಬಿಯರ್ ಹಣದಲ್ಲಿ ಸಂಬಳ ಕೊಡುವ ಕ್ಲಬ್‌ಗೆ ಆ ಶನಿವಾರ ನಷ್ಟದ ಶನಿವಾರ.

ಸ್ಪೇನ್‌ನ ಕಥೆ ಇದಕ್ಕಿಂತ ರಂಗಾಗಿದೆ. 1980ರಲ್ಲಿ ರಿಯಲ್ ಮ್ಯಾಡ್ರಿಡ್‌ನ ಮೀಸಲು ತಂಡ ಕಾಸ್ಟಿಯ, ಮೊದಲ ದರ್ಜೆಯ ಕ್ಲಬ್‌ಗಳನ್ನು ಒಂದೊಂದಾಗಿ ಕೆಡವುತ್ತಾ ಕಿಂಗ್ಸ್ ಕಪ್ ಫೈನಲ್ ಸೇರಿತು. ಅಲ್ಲಿ ಎದುರಾದದ್ದು ರಿಯಲ್ ಮ್ಯಾಡ್ರಿಡ್ಡೇ. ಅಪ್ಪ 6-1ರಿಂದ ಮಗನನ್ನು ಸೋಲಿಸಿದ. ಅಪ್ಪ ಲೀಗನ್ನೂ ಗೆದ್ದಿದ್ದರಿಂದ ಕಪ್ ವಿಜೇತರ ಯುರೋಪಿನ ಟೂರ್ನಿಗೆ ಮಗ ಹೋದ, ಮ್ಯಾಡ್ರಿಡ್‌ನಲ್ಲಿ ವೆಸ್ಟ್ ಹ್ಯಾಮ್ ವಿರುದ್ಧ 3-1ರಿಂದ ಗೆದ್ದು, ಲಂಡನ್ನಿನ ಖಾಲಿ ಮೈದಾನದಲ್ಲಿ ಹೆಚ್ಚುವರಿ ಸಮಯದಲ್ಲಿ 5-1ರಿಂದ ಸೋತ. 1984ರಲ್ಲಿ ಕಾಸ್ಟಿಯ ಎರಡನೆಯ ದರ್ಜೆಯ ಚಾಂಪಿಯನ್ ಆಯಿತು, ಏರುವಂತಿರಲಿಲ್ಲ. ಇಬ್ಬರೂ ಒಂದೇ ದರ್ಜೆಯಲ್ಲಿ ಇರಬಾರದೆಂಬ ಆ ನಿಯಮ ಕೆಳಮುಖವಾಗಿ ತಿರುಗಿದಾಗ ಇನ್ನೂ ಕ್ರೂರ. 2012ರಲ್ಲಿ ವಿಯಾರಿಯಲ್ ಮೊದಲ ದರ್ಜೆಯಿಂದ ಬಿದ್ದಾಗ, ಎರಡನೆಯ ದರ್ಜೆಯಲ್ಲಿ ಉಳಿಯುವಷ್ಟು ಅಂಕ ಗಳಿಸಿದ್ದ ಅದರ 'ಬಿ' ತಂಡವೂ ಇಳಿಯಬೇಕಾಯಿತು. ವರ್ಷವಿಡೀ ಓದಿ ಪಾಸಾದ ಮಗನನ್ನು, ಅಪ್ಪ ಫೇಲಾದನೆಂದು ಹಿಂದಿನ ತರಗತಿಗೆ ಕೂರಿಸಿದಂತೆ.

ಇಂಗ್ಲೆಂಡಿನವರ ವಿರೋಧ ಅರ್ಥವಾಗಲು ಇಷ್ಟು ಹಿನ್ನೆಲೆ ಸಾಕು. 2014ರಲ್ಲಿ ಅಲ್ಲಿನ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಗ್ರೆಗ್ ಡೈಕ್ ಅವರ ಆಯೋಗ 'ಬಿ' ತಂಡಗಳಿಗಾಗಿ ಹೊಸ ದರ್ಜೆಯನ್ನೇ ಪ್ರಸ್ತಾಪಿಸಿತು, ವಿರೋಧಕ್ಕೆ ಅದು ಬಿದ್ದುಹೋಯಿತು. 2016ರಲ್ಲಿ ಕೆಳದರ್ಜೆಯವರ ಟ್ರೋಫಿಗೆ ಪ್ರೀಮಿಯರ್ ಲೀಗ್ ಅಕಾಡೆಮಿಗಳನ್ನು ಸೇರಿಸಿದಾಗ ಅಭಿಮಾನಿಗಳು ಬಹಿಷ್ಕಾರ ಹಾಕಿದರು. ಅದೇ ಟ್ರೋಫಿಯ 2019ರ ಫೈನಲ್‌ನಲ್ಲಿ ಪೋರ್ಟ್ಸ್‌ಮತ್ ಮತ್ತು ಸಂಡರ್‌ಲ್ಯಾಂಡ್ ಆಡಿದಾಗ ವೆಂಬ್ಲಿಯಲ್ಲಿ 85,021 ಜನ. ಜನರು ಯಾರನ್ನು ನೋಡಲು ಬರುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ನನಗೆ ಬೇಕಿಲ್ಲ. ಆದರೂ ಇಂಗ್ಲಿಷರ ಪೂರ್ತಿ ನಿಷೇಧ ನನಗೆ ಒಪ್ಪಿಗೆಯಿಲ್ಲ. ರಜೆಗೆ ಊರಿಗೆ ಬಂದಾಗ ಬೆಂಗಳೂರು ಎಫ್‌ಸಿಯ ಹುಡುಗರು ಅಶೋಕನಗರದ ಫುಟ್‌ಬಾಲ್ ಮೈದಾನದಲ್ಲಿ, ಸರ್ಕಾರಿ ಸಂಸ್ಥೆಗಳ ಹಳೆಯ ಹುಲಿಗಳ ಎದುರು ಬೆಂಗಳೂರಿನ ಸ್ಥಳೀಯ ಲೀಗ್ ಆದ ಸೂಪರ್ ಡಿವಿಜನ್ ಆಡುವುದನ್ನು ನೋಡಿ ಖುಷಿಪಟ್ಟವನು ನಾನು. ಮ್ಯುಲರ್ ಕಲಿತ ಪಾಠವನ್ನು ಯಾರಿಗೂ ತಪ್ಪಿಸಬಾರದು.

ಹಾಗಾದರೆ ಏನು ಮಾಡಬೇಕು ಎಂದರೆ: ಮೀಸಲು ತಂಡ ಆಡಲಿ, ಆದರೆ ಅದು ಏರಿದರೆ ಆ ಜಾಗ ಹೆಚ್ಚುವರಿಯಾಗಿರಲಿ. ಅದು ಮೊದಲು ಬಂದರೆ ಎರಡನೆಯ ಕ್ಲಬ್ ಕೂಡ ಏರಲಿ. ಅದು ಕೊನೆಗೆ ಬಂದರೆ ಅದೇ ಇಳಿಯಲಿ, ಅದರ ಪಾಲಿನ ಹಿಂಬಡ್ತಿ ಬೇರೆಯವರ ತಲೆಗೆ ಸುತ್ತಿಕೊಳ್ಳದಿರಲಿ. ಈ ಕೊನೆಯ ಮಾತಿಗೆ ಉದಾಹರಣೆ ನಮ್ಮಲ್ಲೇ ಇದೆ. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ (ಎಐಎಫ್‌ಎಫ್) ಕಿರಿಯರ ತಂಡ ಇಂಡಿಯನ್ ಆರೋಸ್‌ಗೆ ಹಿಂಬಡ್ತಿಯಿಂದ ವಿನಾಯಿತಿ ಇತ್ತು. 2017-18ರ ಐ-ಲೀಗ್ ಎಂಬ ರಾಷ್ಟ್ರೀಯ ಲೀಗ್‌ನಲ್ಲಿ ಅದು ಹತ್ತನೆಯ, ಅಂದರೆ ಕೊನೆಯ ಸ್ಥಾನದಲ್ಲಿ ನಿಂತಿತು. ಕತ್ತಿ ಬಿದ್ದದ್ದು ಒಂಬತ್ತನೆಯ ಚರ್ಚಿಲ್ ಬ್ರದರ್ಸ್ ಮೇಲೆ. ಆಮೇಲೆ ಒಕ್ಕೂಟವೇ ಮನಸ್ಸು ಬದಲಿಸಿ ಅವರನ್ನು ಉಳಿಸಿಕೊಂಡಿತು ಎನ್ನುವುದು ಬೇರೆ ಮಾತು. ಅದೇ ವರ್ಷ ಅದೇ ಒಕ್ಕೂಟ ಐ-ಲೀಗ್‌ನ ಎರಡನೆಯ ದರ್ಜೆಯಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕ್ಲಬ್‌ಗಳ ಮೀಸಲು ತಂಡಗಳನ್ನು ಆಡಿಸಿ, ಬಡ್ತಿ ಅವುಗಳಿಗಲ್ಲ ಎಂದು ಮೊದಲೇ ಹೇಳಿತ್ತು. ಬಡ್ತಿ ಸಿಕ್ಕಿದ್ದು ರಿಯಲ್ ಕಾಶ್ಮೀರ್‌ಗೆ. ಸ್ಟುಟ್‌ಗಾರ್ಟ್‌ನ ಗುಡ್ಡದ ಮೇಲೆ ಕೂತು ಇದನ್ನು ಸಹೋದ್ಯೋಗಿಗೆ ಹೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದು, ನಿಮ್ಮ ಒಕ್ಕೂಟದ ವಿಳಾಸ ಕೊಡು, ನಮ್ಮವರಿಗೆ ಕಳಿಸುತ್ತೇನೆ ಎಂದ.