ಆಟಿಕೆ ಮಾರೋ ಮುಂಚೆ ಮಗುವನ್ನ ಕೇಳಿ

ಪ್ರಶ್ನೆ: ಅಕ್ಕಾರ, ನಾವು ಧಾರವಾಡದ ಕಡೆಯವ್ರು, ಪುಣೆ ಕೊಥ್ರೂಡಿಗೆ ಬಂದು 8 ವರ್ಷ ಆತು. ಮಗಳಿಗೆ 7, ಮಗಗ 4. ಸಣ್ಣ ಫ್ಲ್ಯಾಟು, ಎಲ್ಲಿ ನೋಡಿದ್ರೂ ಆಟಗಿ ಸಾಮಾನು, ಸಣ್ಣಾದ ಅಂಗಿ, ವಾಕರ್, ಹಳೇ ಪುಸ್ತಕ. ಅಮೆರಿಕಾದಾಗ ನಮ್ಮ ನಾದಿನಿ ಮನಿ ಗ್ಯಾರೇಜಿನ್ಯಾಗ ಇಂಥಾವೆಲ್ಲ ಇಟ್ಟು ಮಾರತಾಳ, ನಾವೂ ಸೊಸೈಟಿ ಪಾರ್ಕಿಂಗಿನ್ಯಾಗ ಮಾಡೂಣು ಅಂತ. ಆದ್ರ ಮಗ ಒಂದೂ ಮುಟ್ಟಗೊಡೂದಿಲ್ರಿ. ರಾತ್ರಿ ಅವ ಮಲಗಿದ ಮ್ಯಾಲೆ ತಗದಿಡ್ಲೇನು?

ಉತ್ತರ: ಅದೊಂದು ಮಾತ್ರ ಬೇಡ ತಂಗಿ. ನಾನು ಅದನ್ನೇ ಮಾಡಿದ್ದೆ. ಡೊಂಬಿವ್ಲಿಲಿ ಇದ್ದಾಗ ಮಗನ ಹಳದಿ ಲಾರಿ, ಒಂದು ಚಕ್ರ ಹೋಗಿತ್ತು, ಅವನು ಮುಟ್ಟಿ ಎಷ್ಟೋ ದಿನ ಆಗಿತ್ತು ಅಂತ ಭಂಗಾರ್‌ದವನಿಗೆ, ಅಂದ್ರೆ ಗುಜರಿಯವನಿಗೆ, ಹಾಕ್ಬಿಟ್ಟೆ, ಮಾರನೇ ದಿನಾನೇ ಕೇಳ್ದ. ಅತ್ತಿದ್ದು ಒಂದೇ ದಿನ, ಆದ್ರೆ ಆಮೇಲೆ ತಿಂಗಳುಗಟ್ಲೆ ಸ್ಕೂಲಿಗೆ ಹೋಗೋ ಮುಂಚೆ ತನ್ನ ಸಾಮಾನೆಲ್ಲ ಹಾಸಿಗೆ ಕೆಳಗೆ ತುರುಕಿಟ್ಟು ಹೋಗ್ತಿದ್ದ, ಅದನ್ನ ನೋಡಿದಾಗ್ಲೆಲ್ಲ ನನ್ನ ಹೊಟ್ಟೆ ಚುರುಕ್ ಅನ್ನೋದು.

'ಯಾವ್ದು ಕೊಡ್ತೀಯ' ಅಂತ ಕೇಳಿದ್ರೆ ನಾಲ್ಕು ವರ್ಷದ ಮಗು ಯಾವ್ದೂ ಇಲ್ಲ ಅನ್ನತ್ತೆ. ಒಂದು ದೊಡ್ಡ ಡಬ್ಬ ಕೊಟ್ಟು 'ಯಾವ್ದು ನಿನ್ನ ಹತ್ರಾನೇ ಇರ್ಬೇಕು, ಇದ್ರಲ್ಲಿ ತುಂಬ್ಕೋ' ಅನ್ನಿ. ತುಂಬ್ಕೊಂಡಿದ್ದು ಎಷ್ಟೇ ಮುರಿದಿರ್ಲಿ, ಅದು ಅವನದ್ದು. ಉಳಿದಿದ್ದನ್ನ ಅವನ ಎದುರಿಗೇ ಚೀಲಕ್ಕೆ ಹಾಕಿ, ಎರಡು ದಿನ ಅಲ್ಲೇ ಬಿಡಿ, ಮನಸ್ಸು ಬದಲಾದ್ರೆ ಅವನು ವಾಪಸ್ ತಗೊಳ್ಲಿ. ಮಾರೋ ದಿನ ಬಂದು ಏನಾದ್ರೂ ಕಿತ್ಕೊಂಡ್ರೂ ಬೈಬೇಡಿ, 20 ರೂಪಾಯಿ ಹೋದ್ರೆ ಹೋಗ್ಲಿ.

ವಾಕರ್ ಮಾರಬೇಡಿ, ಪುಕ್ಕಟೆನೂ ಕೊಡಬೇಡಿ. ನಡೆಯೋಕೆ ಬಾರದ ಕೂಸು ಚಕ್ರದ ಮೇಲೆ ಕ್ಷಣದಲ್ಲಿ ಮೆಟ್ಟಿಲ ಹತ್ರಾನೋ ಬಿಸಿ ಕುಕ್ಕರ್ ಹತ್ರಾನೋ ಹೋಗ್ಬಿಡತ್ತೆ, ಕೆನಡಾದಲ್ಲಿ 2004ರಿಂದ ಇದರ ಮಾರಾಟಾನೇ ಬಂದ್, ಗ್ಯಾರೇಜ್ ಸೇಲಲ್ಲೂ ಇಡೋ ಹಾಗಿಲ್ಲ. ಬಿಚ್ಚಿ ಭಂಗಾರಿಗೆ ಹಾಕಿ. ಬಟನ್ ಸೆಲ್ (ಗುಂಡಿ ಥರದ ಪುಟ್ಟ ಬ್ಯಾಟರಿ) ಹಾಕೋ ಆಟಿಕೆ ಇದ್ರೆ ಮುಚ್ಚಳಕ್ಕೆ ಸ್ಕ್ರೂ ಇದೆಯಾ ನೋಡಿ, ಇಲ್ಲಾಂದ್ರೆ ಅದೂ ಬೇಡ, ಆ ಸೆಲ್ ನುಂಗಿದ್ರೆ ಒಂದೆರಡು ಗಂಟೇಲೇ ಅನ್ನನಾಳ ಸುಡೋಕೆ ಶುರುವಾಗತ್ತೆ.

ಮೇ ಕೊನೆಯ ಭಾನುವಾರ ಒಳ್ಳೇದು. ಮಹಾರಾಷ್ಟ್ರದ ಸ್ಟೇಟ್ ಬೋರ್ಡ್ ಸ್ಕೂಲು ಜೂನ್ ಮಧ್ಯದಲ್ಲಿ ಶುರು, ಬಾಲಭಾರತಿ ಪುಸ್ತಕ (ಅಲ್ಲಿನ ಪಠ್ಯಪುಸ್ತಕ), ದಪ್ತರ್ ಅಂದ್ರೆ ಸ್ಕೂಲ್ ಬ್ಯಾಗ್, ರೇನ್‌ಕೋಟ್ ಎಲ್ಲಾ ಆಗ ಬೇಗ ಹೋಗತ್ತೆ, ಮಳೆನೂ ಅಷ್ಟೊತ್ತಿಗೆ ಸಾಮಾನ್ಯವಾಗಿ ಜೋರಾಗಿರಲ್ಲ. ಬೆಳಿಗ್ಗೆ 9ರಿಂದ 11:30 ಸಾಕು, ಆಮೇಲೆ ಮಕ್ಕಳು ಹಸಿವು ನಿದ್ದೆ ಅಂತ ರಚ್ಚೆ ಹಿಡೀತಾವೆ. ರೇಟು 10, 20, 50 ಹೀಗೆ ರೌಂಡಾಗಿಡಿ. ಮಗಳು ಸ್ಟೀಲ್ ಡಬ್ಬದಲ್ಲಿ ಚಿಲ್ಲರೆ ಇಟ್ಕೊಂಡು ಕೂರ್ಲಿ, ಅವಸರ ಮಾಡಬೇಡಿ, ಐವತ್ತರಲ್ಲಿ ಇಪ್ಪತ್ತು ಕಳೆದು ಬೆರಳು ಮಡಚಿ ಮೂರು ಹತ್ತರ ನಾಣ್ಯ ಎಣಿಸಿ ಕೊಡೋವರೆಗೂ ಬಂದವರು ಕಾಯ್ತಾರೆ, ಖುಷಿಯಿಂದಾನೇ ಕಾಯ್ತಾರೆ. ಮಗ ಸ್ಟಿಕ್ಕರ್ ಹಚ್ಲಿ, ಸೊಟ್ಟಗೆ ಹಚ್ಚಿದ್ರೂ ತಿದ್ದಬೇಡಿ. ಆಟಿಕೆ ದುಡ್ಡು ಅವರಿಬ್ಬರದ್ದೇ, ನೀವು ಮುಟ್ಟೋ ಹಾಗಿಲ್ಲ.

ಉಳಿದ ಬಟ್ಟೆ ಭಾಂಡೆವಾಲಿಗೆ ಕೊಟ್ಟು ಪಾತ್ರೆ ತಗೊಳ್ಳಿ, ಚೌಕಾಸಿ ಮಾಡೋವಾಗ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸ್ಕೊಳ್ಳಿ. ಪಾರ್ಕಿಂಗ್‌ಗೆ ಸೆಕ್ರೆಟರಿ ಹತ್ರ ಈಗ್ಲೇ ಬರೆದು ಪರ್ಮಿಷನ್ ತಗೊಳ್ಳಿ, ಕಾರ್ ಎಲ್ಲಿಂದ ಓಡಾಡತ್ತೆ ಅಂತ ನೋಡ್ಕೊಂಡು ಮೂಲೆಯಲ್ಲಿ ಜಾಗ ಕೇಳಿ.